ಮಧ್ಯಾಹ್ನ ಒಂದು ಗಂಟೆಗೆ ಬರುವ ಫೋನು

ಸುಮ್ಮನಿರುವುದಕ್ಕೂ ಒಂದು ಯೋಗ್ಯತೆ ಬೇಕು, ಅದು ನನಗಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅಕ್ಕಿ ಆರಿಸುವಾಗ ನಾನು ಅಕ್ಕಿಯ ಜೊತೆ ಮಾತಾಡುತ್ತೇನೆ. ಹಾಲು ಉಕ್ಕಿದರೆ ಹಾಲಿಗೇ ಬೈಯುತ್ತೇನೆ. ಮದುವೆಯಾದ ಹೊಸತರಲ್ಲಿ ನಮ್ಮ ಯಜಮಾನರು, ಒಳಗೆ ಯಾರೋ ನೆಂಟರು ಬಂದಿದ್ದಾರೆಂದುಕೊಂಡು, ಅಂಗಿ ತೊಟ್ಟು ತಲೆ ಬಾಚಿಕೊಂಡೇ ಅಡುಗೆಮನೆಗೆ ಬರುತ್ತಿದ್ದರು. ಒಳಗೆ ನಾನೊಬ್ಬಳೇ ಇರುವುದನ್ನು ನಾಲ್ಕಾರು ಸಲ ಕಂಡ ಮೇಲೆ ಅಂಗಿ ತೊಡುವುದನ್ನು ಬಿಟ್ಟರು. ಇಂಥ ನನ್ನನ್ನು ಮೂರು ದಿನದ ಮೌನ ಶಿಬಿರಕ್ಕೆ ಕಳಿಸಲಾಯಿತು. ಆಮೇಲೆ ನಮ್ಮ ಮನೆಯಲ್ಲಿ ನಡೆದದ್ದಕ್ಕೆ ಯಾರು ಹೊಣೆ ಎಂಬುದನ್ನು ಇಷ್ಟು ವರ್ಷ ನಾನು ಯಾರಿಗೂ ಹೇಳಿಲ್ಲ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಮೊಬೈಲು ಇನ್ನೂ ಕೊಪ್ಪದ ಎಲ್ಲ ಮನೆಗಳಿಗೂ ಬಂದಿರಲಿಲ್ಲ. ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಮ್ಮ ಮನೆ, ಅದಕ್ಕಂಟಿಕೊಂಡಂತೆ ಯಜಮಾನರ ಗೊಬ್ಬರದ ಅಂಗಡಿ. ಬೇಸಿಗೆ ರಜೆ ಶುರುವಾಗಿ, ಸೋಮವಾರ ಬಸರೀಕಟ್ಟೆಯಿಂದ ನಾದಿನಿ ತನ್ನ ಮೂವರು ಮಕ್ಕಳನ್ನು ತಂದು ಇಳಿಸಿ ಹೋದಳು. ಮಂಗಳವಾರ ಶೃಂಗೇರಿಯಿಂದ ನನ್ನಣ್ಣ ತನ್ನ ಇಬ್ಬರನ್ನು ಬಿಟ್ಟುಹೋದ. ನಮ್ಮ ಹದಿಮೂರು ವರ್ಷದ ಕಾವ್ಯ ಸೇರಿ ಆರು. ಬೆಳಿಗ್ಗೆ ದೋಸೆ ಕಾವಲಿಯ ಮುಂದೆ ನಿಂತರೆ, ಕೊನೆಯವನಿಗೆ ಬಡಿಸುವಷ್ಟರಲ್ಲಿ ಮೊದಲನೆಯವನಿಗೆ ಮತ್ತೆ ಹಸಿವು. ಮಹಡಿಯ ಮೇಲೆ ಒಣಹಾಕಿದ್ದ ಹಲಸಿನ ಹಪ್ಪಳವನ್ನು ಹಸಿಯಿರುವಾಗಲೇ ತಿಂದು ಮುಗಿಸಿ, ಖಾಲಿ ಚಾಪೆಯನ್ನು ಮಾತ್ರ ಜೋಪಾನವಾಗಿ ಸುತ್ತಿಟ್ಟಿದ್ದರು. "ಚಪ್ಪಲಿ ಹೊರಗೆ! ಕಾಲು ತೊಳ್ಕಂಡು ಒಳಗೆ! ಮಾತಾಡ್ಲಿಕ್ಕೆ ಬಾಯಿಲ್ವಾ ನಿಂಗೆ?" ಎಂದು ದಿನಕ್ಕೆ ನೂರು ಸಲ ಕೂಗುತ್ತಿದ್ದೆ. ಒಂದು ಮಗುವೂ ತಿರುಗಿ ನೋಡುತ್ತಿರಲಿಲ್ಲ.

ಬುಧವಾರ ನಮ್ಮ ಅತ್ತೆ ಬಾಂಬು ಹಾಕಿದರು. ನರಸಿಂಹರಾಜಪುರದಲ್ಲಿ, ಭದ್ರಾ ಹಿನ್ನೀರಿನ ದಡದ ಒಂದು ಆಶ್ರಮದಲ್ಲಿ ಹೆಂಗಸರಿಗೆ ಶಿವಧ್ಯಾನದ ಶಿಬಿರ. ಅತ್ತೆ ಎರಡು ತಿಂಗಳ ಹಿಂದೆಯೇ ತಮ್ಮ ಹೆಸರು ಬರೆಸಿದ್ದರು. ಈಗ ಮಂಡಿನೋವು. "ಬರೆಸಿದ ಜಾಗ ಖಾಲಿ ಬಿಡಬಾರ್ದು ಗಿರಿಜಾ, ದೇವರ ಕೆಲಸ. ನನ್ನ ಬದ್ಲು ನೀನೇ ಹೋಗಿ ಬಾ" ಎಂದರು. ಆರು ಮಕ್ಕಳನ್ನು ಬಿಟ್ಟು ಹೇಗೆ ಹೋಗಲಿ ಎಂದು ನಾನು ಯಜಮಾನರ ಮುಖ ನೋಡಿದೆ. "ಹೋಗು, ಹೋಗು. ಮೂರು ದಿನ ಪೂರ್ತಿ ಮೌನ ಅಂತೆ. ಒಳ್ಳೇದಲ್ವಾ?" ಎಂದರು. ಯಾರಿಗೆ ಒಳ್ಳೆಯದು ಎಂದು ಬಿಡಿಸಿ ಹೇಳಲಿಲ್ಲ. ನಾನಿಲ್ಲದೆ ಈ ಮನೆ ಅರ್ಧ ದಿನ ನಡೆಯುವುದಿಲ್ಲ ಎಂದು ಹದಿನೈದು ವರ್ಷ ನಂಬಿಕೊಂಡು ಬಂದವಳು ನಾನು. ಇವರಿಗೆ ಬುದ್ಧಿ ಬರಲಿ, ಮನೆ ಸ್ವಲ್ಪ ಅಡ್ಡಾದಿಡ್ಡಿಯಾಗಲಿ ಎಂದು ಮನಸ್ಸಿನಲ್ಲೇ ಹಾರೈಸಿ ಬಸ್ಸು ಹತ್ತಿದೆ.

ಗುರುವಾರ ಬೆಳಿಗ್ಗೆ ಮೌನ ಶುರುವಾಯಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಅದರ ಹೊಟ್ಟೆಯಲ್ಲಿದ್ದ ಹಳೆಯ ಊರು ಮೇಲೆ ಬರುತ್ತದೆ. ಆಶ್ರಮದ ಮುಂದೆಯೇ ಒಡೆದ ಕೆಸರಿನ ಬಯಲು, ಅದರಲ್ಲಿ ಅಲ್ಲಲ್ಲಿ ಒಣಮರದ ಬೊಡ್ಡೆಗಳು, ಮನೆಯಿಲ್ಲದ ಮೂರು ಮೆಟ್ಟಿಲು, ಯಾರದೋ ಅಂಗಳದ ಒರಳುಕಲ್ಲು. ಬೆಳಗಿನ ಧ್ಯಾನವಾದ ಮೇಲೆ ನಾವು ಮೂವತ್ತು ಹೆಂಗಸರು ಬಿಳಿ ಸೀರೆಯುಟ್ಟು ಸಾಲಾಗಿ, ಒಂದು ಮಾತಿಲ್ಲದೆ ಆ ಮೆಟ್ಟಿಲುಗಳ ಪಕ್ಕ ನಡೆಯಬೇಕು. ಮೊದಲ ದಿನವೇ ಎಮ್ಮೆ ಮೇಯಿಸುತ್ತಿದ್ದ ಒಬ್ಬ ಮುದುಕ ನಮ್ಮನ್ನು ನೋಡಿ ಕೋಲು ಬಿಸಾಡಿ ಓಡಿದ. ಎಮ್ಮೆಗಳು ಮಾತ್ರ ಅಲ್ಲೇ ನಿಂತು ನಮ್ಮನ್ನು ನೋಡಿದವು. ನನಗೆ ನಗು ಬಂತು, ಆದರೆ ನಗುವುದಕ್ಕೂ ಅನುಮತಿಯಿರಲಿಲ್ಲ. ತಡೆದ ನಗು ಸ್ವಲ್ಪ ಹೊತ್ತಿನಲ್ಲಿ ಹೆದರಿಕೆಯಾಯಿತು. ಆ ಒರಳುಕಲ್ಲಿನಲ್ಲಿ ರುಬ್ಬುತ್ತಾ ಯಾವಳೋ ಒಬ್ಬಳು ನನ್ನ ಹಾಗೇ ವಟಗುಟ್ಟುತ್ತಿದ್ದಳಲ್ಲವೇ, ಅವಳ ಮಾತೆಲ್ಲ ಈಗ ಎಲ್ಲಿದೆ ಎಂದೆಲ್ಲ ಯೋಚನೆ ಬಂತು.

ನನ್ನ ಕೋಣೆಗೆ ಇನ್ನೊಬ್ಬರನ್ನು ಹಾಕಿದ್ದರು. ಅರವತ್ತರ ಆಸುಪಾಸಿನ ಹೆಂಗಸು. ನಾನು ಬರುವ ಮೊದಲೇ ಬಂದು ಮೌನಕ್ಕೆ ಕೂತಿದ್ದರಿಂದ ಅವರ ಹೆಸರು, ಊರು ಏನೂ ತಿಳಿಯಲಿಲ್ಲ. ಮೂರು ದಿನವೂ ಅವರ ದನಿ ಕೇಳಲಿಲ್ಲ. ಕೇಳಿದ್ದು ಉಸಿರು ಮಾತ್ರ. ಊಟದ ನಂತರ ಚಾಪೆಯ ಮೇಲೆ ಒರಗಿದರೆ, ಪ್ರತಿ ಉಸಿರಿನ ಕೊನೆಗೆ ಅವರ ಮೂಗಿನಿಂದ ಸಣ್ಣದೊಂದು ಸೀಟಿ ಬರುತ್ತಿತ್ತು. ಕಣ್ಣು ಮುಚ್ಚಿದರೂ ಅದೇ, ತೆರೆದರೂ ಅದೇ. ಮಾತಿಲ್ಲದ ಕೋಣೆಯಲ್ಲಿ ಅದೊಂದೇ ಸದ್ದು.

ಆ ಸೀಟಿ ತಾಳಲಾರದೆಯೋ ಏನೋ, ಮೊದಲ ದಿನ ಮಧ್ಯಾಹ್ನ ನನಗೊಂದು ಉಪಾಯ ಹೊಳೆಯಿತು. ಮೌನ ಅಂದರೆ ಮಾತಾಡಬಾರದು, ಕೇಳಬಾರದು ಅಂತ ಯಾರೂ ಹೇಳಿಲ್ಲವಲ್ಲ! ವಿಶ್ರಾಂತಿಯ ಹೊತ್ತಿನಲ್ಲಿ ಮೆಲ್ಲಗೆ ಹೊರಬಿದ್ದು ರಸ್ತೆಯ ಎಸ್‌ಟಿಡಿ ಬೂತಿಗೆ ಹೋದೆ. ಮನೆಯ ನಂಬರನ್ನು ಚೀಟಿಯಲ್ಲಿ ಬರೆದು ತೋರಿಸಿದೆ. ಬೂತಿನವನು ನನ್ನನ್ನು ಮೂಗಿಯೆಂದು ತಿಳಿದು ಬಹಳ ಮರುಗಿ, ತಾನೇ ನಂಬರು ಒತ್ತಿ ರಿಸೀವರು ಕೈಗೆ ಕೊಟ್ಟ. ಮೂಗಿಗೆ ಫೋನು ಯಾಕೆ ಎಂಬುದು ಅವನಿಗೆ ಆಮೇಲೆ ಹೊಳೆದಿರಬೇಕು, ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಸರಿಯಾಗಿ ಒಂದು ಗಂಟೆ, ನಮ್ಮ ಮನೆಯಲ್ಲಿ ಊಟದ ಗಲಾಟೆ ಜೋರಿರುವ ಹೊತ್ತು. ಅತ್ತೆ ಎತ್ತಿದರು. "ಹಲೋ? ಯಾರು? ಎಂತ ಬೇಕಿತ್ತು?" ನಾನು ಉಸಿರು ಬಿಗಿಹಿಡಿದು ಕೇಳಿದೆ. ಹಿಂದೆ ಅಳು, ಜಗಳ, ತಟ್ಟೆ ಬಿದ್ದ ಸದ್ದು, ಒಂದಾದರೂ ಬೇಡವೇ? ಏನೂ ಇರಲಿಲ್ಲ. ಮಕ್ಕಳು ಸದ್ದಿಲ್ಲದೆ ಉಣ್ಣುತ್ತಿವೆ ಎಂದುಕೊಂಡೆ. ನನಗೆ ಅಳು ಬಂತು. ತಿರುಗಿ ನೋಡಿದರೆ ನನ್ನ ಕೋಣೆಯ ಆ ಹೆಂಗಸು ಬೂತಿನ ಬೆಂಚಿನ ಮೇಲೆ ಕೂತಿದ್ದರು. ಯಾವಾಗ ಹಿಂದೆ ಬಂದರೋ ಗೊತ್ತಾಗಲಿಲ್ಲ.

ಶುಕ್ರವಾರ ಒಂದು ಗಂಟೆಗೆ ಮತ್ತೆ ಹೋದೆ. ಈ ಸಲ ಎರಡೇ ರಿಂಗಿಗೆ ಯಾರೋ ಎತ್ತಿದರು. "ಹಲೋ, ಯಾರದು? ಮಾತಾಡ್ಲಿಕ್ಕೆ ಬಾಯಿಲ್ವಾ ನಿಂಗೆ?"

ಅದು ನಾನು. ನನ್ನದೇ ದನಿ, ನನ್ನದೇ ಸಿಡುಕು, "ನಿಂಗೆ" ಎನ್ನುವಾಗ ಕೊನೆಯಲ್ಲಿ ಎಳೆಯುವ ನನ್ನದೇ ರಾಗ. ಮನೆಯಲ್ಲಿ ನಾನು ಫೋನೆತ್ತಿ ಬೈಯುತ್ತಿದ್ದೆ. ಹಾಗಾದರೆ ಬಿಳಿ ಸೀರೆಯುಟ್ಟು ಬಾಯಿ ಮುಚ್ಚಿಕೊಂಡು ಇಲ್ಲಿ ನಿಂತವಳು ಯಾರು? ಕೈಯಿಂದ ರಿಸೀವರು ಜಾರಿತು. ಆ ಹೆಂಗಸು ಎದ್ದು ಬಂದು ಅದನ್ನು ಎತ್ತಿ ತಮ್ಮ ಕಿವಿಗಿಟ್ಟುಕೊಂಡು, ಕಣ್ಣು ಮುಚ್ಚಿ, ಆ ಕಡೆಯಿಂದ ಕೆಳಗಿಡುವ ತನಕ ಕೇಳಿದರು. ಮುಖದ ತುಂಬ ನಗು ಇತ್ತು. ಆ ನಗು ನೋಡಿ ನನಗೆ ಇನ್ನಷ್ಟು ಹೆದರಿಕೆಯಾಯಿತು. ಅಂದು ಧ್ಯಾನದಲ್ಲಿ ಶಿವನ ಬದಲು ನಮ್ಮ ಮನೆಯ ಅಡುಗೆಮನೆಯಲ್ಲಿ ಓಡಾಡುವ ಇನ್ನೊಬ್ಬ ಗಿರಿಜೆಯೇ ಕಣ್ಣಿಗೆ ಕಟ್ಟುತ್ತಿದ್ದಳು.

ಶನಿವಾರ ಹೋಗಬಾರದೆಂದುಕೊಂಡೇ ಹೋದೆ. ಹತ್ತು ರಿಂಗಾದ ಮೇಲೆ ಫೋನು ಎತ್ತಿದರು, ಆದರೆ ಮಾತಿಲ್ಲ. ಆ ಕಡೆ ಹಲವರ ಉಸಿರು, ಈ ಕಡೆ ನನ್ನದು. ಅವರು ನನ್ನನ್ನು ಕೇಳಿಸಿಕೊಂಡರು, ನಾನು ಅವರನ್ನು ಕೇಳಿಸಿಕೊಂಡೆ. ಯಾರು ಯಾರಿಗೆ ಹೆಚ್ಚು ಹೆದರಿದೆವೋ ಹೇಳಲಾರೆ.

ಭಾನುವಾರ ಬೆಳಿಗ್ಗೆ ಮೌನ ಬಿಟ್ಟಿತು. ಮೊದಲು ಆ ಹೆಂಗಸಿನ ಹೆಸರು ಕೇಳಬೇಕೆಂದು ಸ್ನಾನ ಮುಗಿಸಿ ಓಡಿಬಂದೆ. ಅವರ ಚಾಪೆ ಸುತ್ತಿಟ್ಟಿತ್ತು. ಸೀರೆಯ ತುದಿಗೆ ಗಂಟು ಹಾಕಿಟ್ಟಿದ್ದ ನನ್ನ ನಂಬರಿನ ಚೀಟಿಯೂ ಕಾಣಲಿಲ್ಲ. ಎಲ್ಲೋ ಬಿದ್ದಿರಬೇಕೆಂದುಕೊಂಡು ಬಸ್ಸು ಹಿಡಿದು, ಮೂರು ಗಂಟೆಗೆ ಕೊಪ್ಪದಲ್ಲಿ ಇಳಿದೆ. ಚಪ್ಪಲಿ ಬಿಡುವಾಗಲೇ ಒಳಗಿನಿಂದ ನನ್ನ ದನಿ ಕೇಳಿತು: "ಕಾಲು ತೊಳ್ಕಂಡು ಒಳಗೆ!" ಹೆದರುತ್ತಾ ಇಣುಕಿದೆ. ಸೊಂಟಕ್ಕೆ ಸೆರಗಿನ ಬದಲು ಟವೆಲು ಸಿಕ್ಕಿಸಿಕೊಂಡು ಕಾವ್ಯ ನಿಂತಿದ್ದಳು. ಐದು ಮಕ್ಕಳು ಸಾಲಾಗಿ ಕಾಲು ತೊಳೆಯುತ್ತಿದ್ದವು. ಮಗಳು ಎಂದು ಇಷ್ಟು ದೊಡ್ಡವಳಾದಳೋ, ನನ್ನ ದನಿಯನ್ನು ಎಂದು ಎತ್ತಿಕೊಂಡಳೋ ನಾನು ನೋಡೇ ಇರಲಿಲ್ಲ. ನೆಮ್ಮದಿಯೂ ಆಯಿತು, ಹೊಟ್ಟೆಕಿಚ್ಚೂ ಆಯಿತು. "ನಿನ್ನ ಮಾತು ಇವ್ರು ಹೇಗೆ ಕೇಳ್ತಾರೇ?" ಎಂದೆ. "ಗುರುವಾರ ಊಟಕ್ಕೆ ಕರೆದ್ರೂ ಬೀದಿ ಬಿಟ್ಟು ಬರ್ಲಿಲ್ಲ. ಈಗ ನಂಗಲ್ಲಮ್ಮ ಹೆದರೋದು. ಫೋನಿಗೆ" ಎಂದಳು.

ಅತ್ತೆ ನನ್ನನ್ನು ದೇವರ ಮನೆಗೆ ಕರೆದೊಯ್ದು ಬಾಗಿಲು ಹಾಕಿದರು. "ಗೌರಿ ಬಂದಿದಾಳೆ ಮಾರಾಯ್ತಿ." ಗೌರಮ್ಮ ಎಂದರೆ ಅತ್ತೆಯ ನಾದಿನಿ, ನಮ್ಮ ಮಾವನ ತಂಗಿ. ನಾನು ಈ ಮನೆಗೆ ಬರುವ ಮೊದಲೇ ತೀರಿಕೊಂಡವರು. ಫೋಟೋ ತೆಗೆಸಿಕೊಂಡರೆ ಆಯುಸ್ಸು ಕಮ್ಮಿ ಎನ್ನುತ್ತಿದ್ದರಂತೆ, ಹಾಗಾಗಿ ಮುಖವೂ ನನಗೆ ಗೊತ್ತಿಲ್ಲ. ಶಿವಮೊಗ್ಗದಲ್ಲಿದ್ದ ಅಕ್ಕನ ಜೊತೆ ಮಾತಾಡಬೇಕೆಂದು ಫೋನಿಗೆ ಅರ್ಜಿ ಹಾಕಿಸಿ ವರ್ಷಗಟ್ಟಲೆ ಕಾದರು. ಅವರು ಸತ್ತ ಮೂರನೇ ದಿನಕ್ಕೆ ಲೈನ್‌ಮನ್ ಬಂದ. "ಆವತ್ತು ಆಸೆ ಉಳ್ಕಂತು. ಈಗ ದಿನಾ ಒಂದು ಗಂಟೆಗೆ ಮಾಡ್ತಾಳೆ. ಮಾತಿಲ್ಲ, ಬರೀ ಉಸಿರು. ಗುರುವಾರದಿಂದ ಇವತ್ತಿಗೆ ನಾಲ್ಕು ಸಲ."

ನಗು ತಡೆಯಲು ತುಟಿ ಕಚ್ಚಿದ್ದವಳು ಅಲ್ಲಿಗೇ ನಿಂತೆ. ನಾನು ಮಾಡಿದ್ದು ಮೂರು. "ಇವತ್ತೂ ಬಂತಾ?" ಎಂದೆ. "ಬಂತು. ನಾವ್ಯಾರೂ ಎತ್ಲಿಲ್ಲ. ಅದರ ಪಾಡಿಗೆ ಬಡ್ಕಂಡು ನಿಂತ್ಕಂತು." ಒಂದು ಗಂಟೆಗೆ ನಾನು ಬಸ್ಸಿನಲ್ಲಿದ್ದೆ. ಗೊಬ್ಬರ ಕೇಳಲು ಯಾರೋ ಮಾಡಿರಬೇಕು ಎಂದುಕೊಂಡೆ. ಆ ಮೂರು ನನ್ನವು ಎಂದು ಹೇಳದೆ ನಾಲ್ಕನೆಯದರ ವಿಚಾರ ಎತ್ತುವಂತಿರಲಿಲ್ಲ. ಹೇಳಿದರೆ ವ್ರತ ಮುರಿದ ಸುದ್ದಿ ಬಸರೀಕಟ್ಟೆಯಿಂದ ಶೃಂಗೇರಿಯವರೆಗೆ ಹೋಗುತ್ತದೆ. ದಿನಕ್ಕೆ ನೂರು ಸಲ ಬಾಯಿ ಹರಿದುಕೊಂಡರೂ ಕೇಳದ ಮಕ್ಕಳು ಮೂರು ದಿನದ ನನ್ನ ಮೌನಕ್ಕೆ ತಟ್ಟೆ ತೊಳೆದಿಡುತ್ತಿವೆ ಎಂಬುದು ಬೇರೆ.

ಗೌರಮ್ಮನಿಗೆ ಹಲಸಿನ ಹಣ್ಣಿನ ಕಡುಬು ಪ್ರಾಣವಂತೆ. ಸೋಮವಾರ ಬೆಳಗಿನಿಂದ ಹಲಸು ಬಿಡಿಸಿ, ಕೈಗೆಲ್ಲ ಅಂಟು ಮಾಡಿಕೊಂಡು, ನನ್ನದೇ ಭೂತಕ್ಕೆ ನಾನೇ ಕಡುಬು ಬೇಯಿಸಿದೆ. ಅತ್ತೆ ಫೋನಿನ ಮುಂದೆ ಬಾಳೆಲೆ ಹಾಸಿ, ಕಡುಬಿಟ್ಟು, ತುಪ್ಪ ಬಡಿಸಿ ಕೈಮುಗಿದರು. ಯಜಮಾನರೂ ಅಂಗಿ ಹಾಕಿಕೊಂಡು ಬಂದು ನಿಂತರು. ಗಡಿಯಾರ ಒಂದು ಹೊಡೆಯಿತು. ಫೋನು ರಿಂಗಾಯಿತು.

ಎಲ್ಲರೂ ನನ್ನ ಮುಖ ನೋಡಿದರು. ಧ್ಯಾನ ಮಾಡಿ ಬಂದವಳು ನಾನೊಬ್ಬಳೇ ತಾನೇ. ಎತ್ತಿದೆ. ಮಾತಿಲ್ಲ. ಒಂದು ಉಸಿರು, ಅದರ ಕೊನೆಗೆ ಸಣ್ಣದೊಂದು ಸೀಟಿ. ನನಗೆ ಜೀವ ಬಂದಂತಾಯಿತು. ನನ್ನ ಕೋಣೆಯ ಹೆಂಗಸು! ಚೀಟಿ ಹೋದದ್ದು ಎಲ್ಲಿಗೆ ಎಂದು ಈಗ ತಿಳಿಯಿತು. ಪಾಪ, ಅವರ ಮನೆಯಲ್ಲಿ ಕೇಳಲು ಇಂಥ ಗಲಾಟೆ ಇಲ್ಲವೇನೋ. ಹೆಸರು ಗೊತ್ತಿಲ್ಲ, ಮನೆಯವರೆದುರು ಏನೆಂದು ಮಾತಾಡಿಸಲಿ? ಮೂರು ದಿನ ನಾನು ಯಾರಾದರೂ ನನ್ನನ್ನು ಕೇಳಲಿ ಎಂದು ಕಾದ ಮಾತನ್ನೇ ಮೆತ್ತಗೆ ಕೇಳಿದೆ. "ಊಟ ಆಯ್ತಾ?" ಸೀಟಿ ಒಂದು ಕ್ಷಣ ನಿಂತಿತು. ಆಮೇಲೆ ಆ ಕಡೆ ಫೋನು ಕೆಳಗಿಟ್ಟರು.

"ಯಾರೇ ಅದು?" ಎಂದರು ಅತ್ತೆ. ನನಗೆ ಚೇಷ್ಟೆ ಬಂತು. "ಗೌರಮ್ಮನೇ ಅತ್ತೆ. ಕಡುಬು ಚೆನ್ನಾಗಿತ್ತಂತೆ."

ಮಕ್ಕಳು ಕಿಟಾರನೆ ಕಿರುಚಿದವು. ಅತ್ತೆಯ ಕಣ್ಣಲ್ಲಿ ನೀರು ತುಂಬಿತು. ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಕೇಳಿದರು. "ಸೀಟಿ ಕೇಳ್ತಾ ಗಿರಿಜಾ? ಉಸಿರು ಬಿಡುವಾಗ ಅವಳ ಮೂಗಲ್ಲಿ ಸಣ್ಣಗೆ ಸೀಟಿ ಹೊಡೀತಿತ್ತು. ಸಾಯೋ ತನಕ ಹಾಗೇ ಇತ್ತು."

ಶಿಬಿರದಲ್ಲಿ ಮೂರು ದಿನವೂ ಬಾರದ ಮೌನ ಅಂದು ಬಂತು. ರಾತ್ರಿ ಊಟದ ತನಕ ನಾನು ಒಂದು ಮಾತೂ ಆಡಲಿಲ್ಲವಂತೆ. ಶಿಬಿರದಿಂದ ಸೊಸೆಗೆ ಒಳ್ಳೇದಾಯ್ತು ಎಂದು ಅತ್ತೆ ಬೀದಿಯವರಿಗೆಲ್ಲ ಹೇಳಿಕೊಂಡು ಬಂದರು.