ಮಾವನವರಿಗೆ ಸೀರಿಯಸ್ಸಾದದ್ದು

ಕಳೆದ ವರ್ಷ ಕಬ್ಬು ಕಡಿಯುವ ಕಾಲದಲ್ಲಿ, ಒಂದು ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ, ನಾನು ಮಂಡ್ಯದ ಒಂದು ನರ್ಸಿಂಗ್ ಹೋಮಿನ ಮುಂದೆ, ಹೊಂಗೆ ಮರಕ್ಕೂ ಎಳನೀರು ಗಾಡಿಗೂ ನಡುವೆ ನಿಂತಿದ್ದೆ. ಫೋನು ನನ್ನ ಬಲಗೈಯಲ್ಲಿತ್ತು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಆಮೇಲೆ ನಡೆದದ್ದನ್ನು ನನ್ನ ಹೆಂಡತಿಯ ತವರೂರು ಕೊಪ್ಪದಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ.

ನಾನು ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಒಂದು ಇಂಗ್ಲಿಷ್ ಪದವನ್ನು ಅಳೆದು ತೂಗಿ ಬಳಸುವವರು ಮದ್ದೂರು ತಾಲ್ಲೂಕಿನಲ್ಲಿ ಯಾರಿದ್ದಾರೆ ಎಂದು ಕೇಳಿದರೆ, ಕೈ ಎತ್ತಲು ನನಗೆ ಸಂಕೋಚವಿಲ್ಲ.

ಒಳಗೆ ಮಂಚದ ಮೇಲೆ ನಮ್ಮ ಮಾವ ನಿಂಗೇಗೌಡರಿದ್ದರು. ಬೆಳಗಿನ ಜಾವ ಸಕ್ಕರೆ ಇಳಿದು ಪ್ರಜ್ಞೆ ತಪ್ಪಿತ್ತು. ಕಣ್ಣು ಬಿಟ್ಟವರೇ ಹೇಳಿದ್ದು ಒಂದೇ ಮಾತು: "ತಮ್ಮನ್ನ ಕರ್ಸಿ." ತಮ್ಮ ಎಂದರೆ ಕೊಪ್ಪದ ಚಿಕ್ಕಮಾವ ಕೆಂಚೇಗೌಡರು. ಬದುವಿನ ಮೇಲಿನ ಎರಡು ತೆಂಗಿನ ಮರಗಳ ವಿಷಯಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ.

ಡಾಕ್ಟರು "ಸ್ವಲ್ಪ ಸೀರಿಯಸ್" ಎಂದಿದ್ದರು. ನಾನು ಅದನ್ನೇ ಹೇಳಲು ಹೊರಟೆ. ನನ್ನ ಹೆಂಡತಿ ಜಯಮ್ಮ ತಡೆದಳು.

"ಆ ಮಾತೊಂದ ಏಳ್ಬೇಡಿ. ಅರ್ಥ ಬ್ಯಾರೆ ಆಯ್ತದೆ."

ನಿಘಂಟಿನಲ್ಲಿ ಅದಕ್ಕೆ ಗಂಭೀರ, ಚಿಂತಾಜನಕ ಎಂದಿದೆ, ಮನುಷ್ಯ ಉಸಿರಾಡುತ್ತಿದ್ದರೆ ಮಾತ್ರ ಸೀರಿಯಸ್ ಆಗಲು ಸಾಧ್ಯ ಎಂದು ಅವಳಿಗೆ ಶಾಂತವಾಗಿ ವಿವರಿಸಿದೆ. ಅವಳು ಹೇಳಿದ್ದು ನಿಘಂಟಿನಲ್ಲಿಲ್ಲ. ನಮ್ಮ ಕಡೆ ಒಡಹುಟ್ಟಿದವರಿಗೆ ಸಾವಿನ ಸುದ್ದಿಯನ್ನು ಫೋನಿನಲ್ಲಿ ಹೇಳುವುದಿಲ್ಲ, ಕೇಳಿದವರು ಅಲ್ಲೇ ಕುಸಿದಾರು ಎಂಬ ಭಯ. ಸೀರಿಯಸ್ಸು, ಬನ್ನಿ ಎನ್ನುತ್ತಾರೆ. ಕೇಳಿದವರು ಅರ್ಥ ಮಾಡಿಕೊಂಡು ಹಾರ ತರುತ್ತಾರೆ.

ನನಗೆ ಗೊತ್ತಿಲ್ಲದ ಇಂಗ್ಲಿಷೇ? ಫೋನ್ ಮಾಡಿದೆ.

"ಚಿಕ್ಕಮಾವ, ಮಾವನವರಿಗೆ ಸೀರಿಯಸ್ಸು."

ಆ ಕಡೆ ಯಾರಿಗೋ ಟಿವಿ ಆರಿಸಲು ಹೇಳಿದ್ದು ಕೇಳಿಸಿತು. ಆಮೇಲೆ, "ಎಷ್ಟೊತ್ನಲ್ಲಿ?"

"ಬೆಳಗಿನ ಜಾವ."

"ಅಳ್ಳಿಗೆ ಯಾವಾಗ ತತ್ತೀರಿ?"

"ಡಾಕ್ಟರು ಬಿಟ್ಟಾಗ."

"ಆಯ್ತು ಬುಡಿ ಅಳಿಯಂದ್ರೆ. ಇಲ್ಲಿಂದು ನಾನ್ ನೋಡ್ಕತೀನಿ."

ಎಂಥ ಜವಾಬ್ದಾರಿಯ ಮನುಷ್ಯ ಎಂದುಕೊಂಡೆ. ಜಯಮ್ಮನ ಮುಂದೆ ಸ್ವಲ್ಪ ಬೀಗಿಯೂ ಬೀಗಿದೆ.

ಮಧ್ಯಾಹ್ನವಾದರೂ ಚಿಕ್ಕಮಾವನ ಸುಳಿವಿಲ್ಲ. ಬಾಗಿಲು ಕಿರ್ರೆಂದಾಗಲೆಲ್ಲ ಮಾವ ಕತ್ತು ಎತ್ತಿ ನೋಡುವರು, ನರ್ಸು ಎಂದು ಗೊತ್ತಾಗಿ ಮತ್ತೆ ಮಲಗುವರು. ಅದನ್ನು ನೋಡಲಾರದೆ ಮತ್ತೆ ಫೋನ್ ಮಾಡಿದೆ. ಮಾವ ಬದುಕಿದ್ದಾರೆ, ನಿಮ್ಮನ್ನೇ ಕೇಳುತ್ತಿದ್ದಾರೆ ಎಂದೆ.

"ಇಷ್ಟೊಂದ್ ನಯವಾಗಿ ಏಳ್ಬೇಡಿ ಮೇಷ್ಟ್ರೆ," ಎಂದರು ಚಿಕ್ಕಮಾವ. "ನಾನು ಮನ್ಸ ಗಟ್ಟಿ ಮಾಡ್ಕಂಡಿವ್ನಿ."

ಉಸಿರಾಡುತ್ತಿದ್ದಾರೆ ಎಂದೆ. ನನ್ನದು ದೊಡ್ಡ ಗುಣ ಎಂದರು. ಗಂಜಿ ಕುಡಿದರು ಎಂದೆ. ಬಿಕ್ಕಿ ಬಿಕ್ಕಿ ಅತ್ತರು. ಜಯಮ್ಮ ಫೋನ್ ಕಿತ್ತುಕೊಂಡು "ಅಪ್ಪ ಚೆನ್ನಾಗವ್ರೆ ಚಿಕ್ಕಪ್ಪ" ಎನ್ನುವಷ್ಟರಲ್ಲಿ ಅವಳಿಗೂ ಅಳು ಬಂತು. ಕೊಪ್ಪದಲ್ಲಿ ಉಳಿದಿದ್ದ ಅಷ್ಟಿಷ್ಟು ಅನುಮಾನ ಅಲ್ಲಿಗೆ ಹೋಯಿತು.

ಫೋನನ್ನು ಮಾವನ ಕೈಗೇ ಕೊಟ್ಟೆ. ಅವರು ಮುಟ್ಟಲಿಲ್ಲ. "ಬರದಿದ್ರೆ ಬುಡ್ಲಿ. ಫೋನ್ನಲ್ಲಿ ನಾನ್ಯಾಕೆ ಮಾತಾಡ್ಲಿ?" ಎಂದು ಗೋಡೆಗೆ ತಿರುಗಿದರು.

ಮರುದಿನ ಡಾಕ್ಟರು ಮನೆಗೆ ಕಳಿಸಿದರು. ಕಾರಿನಲ್ಲಿ ಹಿಂದಿನ ಸೀಟಿನಲ್ಲಿ, ತಲೆಗೆ ಶಾಲು ಸುತ್ತಿಕೊಂಡು ಮಾವ ಒರಗಿದ್ದರು. ದಾರಿಯುದ್ದಕ್ಕೂ ಆಡಿದ್ದು ಒಂದೇ ಮಾತು: "ಬರ್ನೇ ಇಲ್ಲ, ನೋಡಿದ್ರಾ?"

ಊರ ಹತ್ತಿರ ತಮಟೆ ಕೇಳಿಸಿತು. ಯಾರೋ ಹೋಗಿರಬೇಕು ಎಂದೆ. ಜಯಮ್ಮ ನನ್ನನ್ನು ನೋಡಿದ ನೋಟವನ್ನು ವರ್ಣಿಸುವುದಿಲ್ಲ.

ಮನೆ ಮುಂದೆ ಶಾಮಿಯಾನ. ಬಿದಿರು ಕಟ್ಟಿ ಚಟ್ಟ ಸಿದ್ಧವಾಗಿತ್ತು. ಮಳವಳ್ಳಿಯ ನೆಂಟರು ಹಾರಗಳೊಡನೆ ಕುಳಿತಿದ್ದರು. ಕಾರು ನಿಂತಿತೋ ಇಲ್ಲವೋ, ಹೊದಿಸಲು ತಂದ ಹೊಸ ಪಂಚೆ ಹಿಡಿದು ಚಿಕ್ಕಮಾವ ಓಡಿಬಂದರು. ಶಾಲು ಸುತ್ತಿದ ತಲೆ ಕಂಡಿದ್ದೇ ಕಿಟಕಿಯ ಮೇಲೆ ಹಣೆ ಇಟ್ಟು ಗೋಳಾಡಿದರು.

"ಅಣ್ಣಯ್ಯಾ, ಒಂದ್ ಮಾತ ಆಡ್ದೇನೆ ಒಂಟೋಗ್ಬುಟ್ಯಲ್ಲೋ. ತೆಂಗಿನ್ ಮರ ನಿಂದೇ ಕಣೋ, ನೀನೇ ಇಟ್ಕಳೋ!"

ಶಾಲಿನೊಳಗಿಂದ ದನಿ ಬಂತು:

"ಎರಡೂವಾ?"

ತಮಟೆ ನಿಂತಿತು. ಚಿಕ್ಕಮಾವ ರಸ್ತೆಯಲ್ಲೇ ಕುಳಿತುಬಿಟ್ಟರು. ಮಾವ ಬಾಗಿಲು ತೆಗೆದು ಮೆಲ್ಲಗೆ ಇಳಿದು ತಮ್ಮನ ಪಕ್ಕದಲ್ಲಿ ಕುಳಿತರು. ಇಬ್ಬರೂ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡು ಅತ್ತರು. ಆಮೇಲೆ ಇಬ್ಬರೂ ಒಟ್ಟಿಗೆ ತಲೆ ಎತ್ತಿ ನನ್ನನ್ನು ನೋಡಿದರು. ಅವರ ಹಿಂದೆ ಇಡೀ ಊರು ನೋಡಿತು.

"ಈ ಮೇಷ್ಟ್ರು ಅದೇನ್ ಏಳುದ್ರೋ," ಎಂದರು ಚಿಕ್ಕಮಾವ.

ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅದು ಇಂದಿಗೂ ನನ್ನ ಹೆಮ್ಮೆ. ನಿಜ ಹೇಳಿಯೇ ಬದುಕಿದ್ದವರಿಗೆ ಚಟ್ಟ ಕಟ್ಟಿಸಿದವನು, ಮುರಿದ ಮನೆಯನ್ನು ಕೂಡಿಸಿದವನು ಈ ಸೀಮೆಯಲ್ಲಿ ನಾನೊಬ್ಬನೇ.

ಅನುಮಾನವಿದ್ದರೆ ಕೊಪ್ಪಕ್ಕೆ ಬಂದು ಕೇಳಿ. ಕಣ್ಣಾರೆ ಕಂಡವರಲ್ಲಿ ಜಯಮ್ಮ ಇದ್ದಾಳೆ. ಚಿಕ್ಕಮಾವ ಇದ್ದಾರೆ. ಶಾಮಿಯಾನದ ರಾಜಣ್ಣ ಇದ್ದಾರೆ. ನಿಂಗೇಗೌಡರೂ ಇದ್ದಾರೆ. ಆದರೆ ಅದನ್ನು ಬೇರೆ ಯಾರಿಂದಲಾದರೂ ಖಚಿತಪಡಿಸಿಕೊಳ್ಳಿ. ನಾನು ಹೇಳಿದರೆ ಜನ ಹಾರ ತರುತ್ತಾರೆ.