ಗುಂಡವ್ವನ ಕಣ್ಣಿಗೆ ವಿಭೂತಿ

ಈ ದಸರಾ ಮುಗಿಯುವುದರೊಳಗೆ ನಮ್ಮತ್ತೆಯ ಬಾಯಿಂದ, ಅದೂ ಕ್ಯಾಮೆರಾದ ಮುಂದೆ, 'ನಮ್ಮ ಸೊಸಿ ಬಂಗಾರ' ಎಂದು ಹೇಳಿಸದೇ ಹೋದರೆ ನನ್ನ ಹೆಸರು ಶಾಂಭವಿಯೇ ಅಲ್ಲ! ಹಾಗೆಂದು ಆಫೀಸಿನಿಂದ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಪ್ರತಿಜ್ಞೆ ಮಾಡಿದೆ. ಸಾಕ್ಷಿಗೆ ಯಾರೂ ಇರಲಿಲ್ಲ. ಪಕ್ಕದ ಸೀಟಿನವರು ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದರು.

ಪ್ರತಿಜ್ಞೆಗೆ ಕಾರಣ ಐಶ್ವರ್ಯ. ತೋರಣಗಲ್ಲಿನ ನಮ್ಮ ಆಫೀಸಿನ ಕಂಪ್ಯೂಟರ್ ವಿಭಾಗದಲ್ಲಿ ಅವಳದು ನನ್ನ ಪಕ್ಕದ ಕುರ್ಚಿ. ನನಗಿಂತ ತಡವಾಗಿ ಸೇರಿದವಳು. ಪ್ರಿಂಟರಿನಲ್ಲಿ ಪೇಪರ್ ಸಿಕ್ಕಿಕೊಂಡರೆ ಇವತ್ತಿಗೂ ನನ್ನನ್ನೇ ಕರೆಯುವವಳು. ಅಂಥವಳು ಕಸ ಗುಡಿಸುವ ರೋಬೋ ತರಿಸಿ, ಅದು ಮನೆಯೆಲ್ಲ ಓಡಾಡುವುದನ್ನು ವಿಡಿಯೋ ಮಾಡಿ ಹಾಕಿದಳು. ಹಾಕಲಿ, ಅದಕ್ಕೇನೂ ನನ್ನ ಹೊಟ್ಟೆ ಉರಿಯಲಿಲ್ಲ. ಆದರೆ ವಿಡಿಯೋದ ಕೊನೆಯಲ್ಲಿ ಅವಳ ಅತ್ತೆ ಸೋಫಾದ ಮೇಲೆ ಕಾಲು ಚಾಚಿಕೊಂಡು, "ನಮ್ಮ ಸೊಸಿ ಬಂಗಾರ ನೋಡ್ರಿ, ಬಂಗಾರ!" ಎಂದುಬಿಟ್ಟರು. ಅಲ್ಲಿ ಉರಿಯಿತು! ಮರುದಿನ ಕ್ಯಾಂಟೀನಿನಲ್ಲಿ ಎಲ್ಲರ ಮೊಬೈಲಿನಲ್ಲೂ ಅದೇ ಬಂಗಾರ. ನಾನೂ "ಸೂಪರ್ ಐಶೂ!" ಎಂದು ಹೃದಯದ ಗುರುತು ಒತ್ತಿದೆ. ಒತ್ತಿದ ರಭಸಕ್ಕೆ ಮೊಬೈಲಿನ ಗಾಜು ಒಡೆಯದಿದ್ದದ್ದು ನನ್ನ ಪುಣ್ಯ.

ನೀವೇ ಹೇಳಿ, ಇದು ನ್ಯಾಯವೇ? ದೋಣಿಮಲೈ ಕ್ವಾರ್ಟರ್ಸ್‌ನಲ್ಲಿ ಯಾರ ಫೋನು ಸತ್ತರೂ, ಯಾರ ಟಿವಿ ಮುನಿಸಿಕೊಂಡರೂ ವೈದ್ಯೆ ನಾನೇ. 'ಶಾಂಭವಿ ಟೆಕ್' ಎಂಬ ನನ್ನದೇ ಚಾನೆಲ್ ಇದೆ. ಇಯರ್‌ಫೋನಿನಿಂದ ಹಿಡಿದು ಇಂಡಕ್ಷನ್ ಒಲೆಯವರೆಗೆ ಎಲ್ಲದರ ಗುಣಾವಗುಣಗಳನ್ನೂ ಅಚ್ಚ ಕನ್ನಡದಲ್ಲಿ ವಿವರಿಸಿದ್ದೇನೆ. ನೋಡುವವರಲ್ಲಿ ಪ್ರಮುಖರು ನನ್ನ ಗಂಡ ಮಲ್ಲೇಶ್ ಮತ್ತು ಇನ್ನೊಂದು ಫೋನಿನಿಂದ ನೋಡುವ ನಾನು. ಇಷ್ಟಾದರೂ ನಮ್ಮತ್ತೆ ಸುವರ್ಣಮ್ಮನವರ ಬಾಯಿಂದ ಒಂದೇ ಒಂದು ಹೊಗಳಿಕೆ ಉದುರಿಲ್ಲ. ನನಗೆ ಕೆಲಸ ಸಿಕ್ಕಿತು ಎಂದಾಗ ಅವರು ಕೇಳಿದ್ದು, "ಬಸ್ಸು ಎಷ್ಟೊತ್ತಿಗೈತಿ?" ಮೊದಲ ಸಲ ಹೋಳಿಗೆ ಮಾಡಿ ಬಡಿಸಿದಾಗ ಹೇಳಿದ್ದು, "ತಿನ್ನಾಕ ಬರ್ತೈತಿ."

ಸರಿ, ನಮ್ಮ ಮನೆಗೂ ರೋಬೋ ಬಂತು. ರೊಟ್ಟಿ ಹಂಚಿನಷ್ಟು ಅಗಲ, ದುಂಡಗೆ. ತಲೆಯ ಮೇಲೆ ಪುಟ್ಟ ಗೋಪುರ. ಆ ಗೋಪುರದಲ್ಲೇ ಅದರ ಕಣ್ಣು. ಅಲ್ಲಿಂದಲೇ ಗೋಡೆ ಎಲ್ಲಿ, ಮಂಚ ಎಲ್ಲಿ, ಬಾಗಿಲು ಎಲ್ಲಿ ಎಂದು ನೋಡಿಕೊಂಡು ತಿರುಗುತ್ತದೆ. ನಮ್ಮ ಕಡೆಯ ಧೂಳೂ ಸಾಮಾನ್ಯದ್ದಲ್ಲ, ಅದಿರಿನ ಕೆಂಪು ಧೂಳು. ಬಿಳಿ ಹಾಸಿಗೆ ಹೊದಿಕೆ ತಂದರೆ ತಿಂಗಳೊಳಗೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಗಣಿಯ ವರ್ಕ್‌ಶಾಪಿನಿಂದ ಮಲ್ಲೇಶ್ ಬೂಟು ಕಾಲಿನಲ್ಲಿ ಬಂದರಂತೂ ಅರ್ಧ ಗುಡ್ಡವೇ ಮನೆಯೊಳಗೆ ಬಂದಂತೆ.

"ಕಸಬರಿಗಿ ಏನ್ ಪಾಪ ಮಾಡಿತ್ತವ್ವಾ?" ಎಂದರು ಅತ್ತೆ, ಡಬ್ಬ ಬಿಚ್ಚುತ್ತಿದ್ದಂತೆಯೇ.

ಆಫೀಸಿನಿಂದ ಬರುವ ಹೊತ್ತಿಗೆ ಮನೆ ಥಳಥಳ ಎನ್ನಲಿ ಎಂದು ಆ್ಯಪಿನಲ್ಲಿ ಮುಸ್ಸಂಜೆಯ ಸಮಯ ಹಾಕಿಟ್ಟೆ. ಮರುದಿನ ನಾನು ಮನೆಗೆ ಬಂದು ಚಾಕ್ಕೆ ನೀರಿಡುತ್ತಿದ್ದೇನೆ, ಅತ್ತೆ ದೇವರ ಮುಂದೆ ದೀಪ ಹಚ್ಚಿ ಕೈಮುಗಿದಿದ್ದಾರೆ, 'ಟುಂಯ್' ಎಂದು ರೋಬೋ ಹೊರಟೇಬಿಟ್ಟಿತು!

"ಏಯ್! ದೀಪ ಹಚ್ಚಿದ ಮ್ಯಾಲೆ ಕಸ ಹೊಡೀತಾರೇನ? ಮನಿ ಲಕ್ಷ್ಮೀನ್ನ ಹೊರಗ ಹಾಕ್ತೀಯೇನ? ಹೋಗು, ಹೋಗಿ ಮೂಲ್ಯಾಗ ಕುಂದ್ರು!"

ಬೈಗುಳ ನನಗಲ್ಲ, ನೇರವಾಗಿ ರೋಬೋಗೆ. ನಾನು ಅಡುಗೆಮನೆಯಿಂದಲೇ ಮೊಬೈಲಿನಲ್ಲಿ ನಿಲ್ಲಿಸುವ ಗುಂಡಿ ಒತ್ತಿದೆ. ಅದು ಸುಮ್ಮನೆ ಹಿಂದಿರುಗಿ ತನ್ನ ಚಾರ್ಜಿನ ಜಾಗದಲ್ಲಿ ಕುಳಿತಿತು. ಸಮಯವನ್ನೂ ಬೆಳಗಿಗೆ ಬದಲಾಯಿಸಿದೆ. ಮಾರನೆಯ ಬೆಳಿಗ್ಗೆ ಅದು ಗುಡಿಸುವುದನ್ನು ಕಂಡು ಅತ್ತೆ ಮೂಗಿನ ಮೇಲೆ ಬೆರಳಿಟ್ಟುಕೊಂಡರು.

"ನೋಡಿದೇನ ಶಾಂಭವಿ? ಒಂದ್ ಸಲ ಹೇಳಿದ್ದಕ್ಕ ತಿದ್ದಿಕೊಂಡ್ಲು. ಎದುರು ಮಾತಿಲ್ಲ, ಮಾರಿ ಗಂಟು ಹಾಕ್ಕೊಳ್ಳಾದಿಲ್ಲ."

"ಅತ್ತಿ, ಅದನ್ನ ತಿದ್ದಿದಾಕಿ ನಾನ್ರಿ! ಮೊಬೈಲಿನ್ಯಾಗ!"

"ಹೌದವ್ವ, ಎಲ್ಲಾ ನೀನ. ಮುಂಜಾನೆದ್ದು ಸೂರ್ಯನ್ನ ಮ್ಯಾಲೆ ಕಳಿಸಾಕಿನೂ ನೀನ."

ಅವತ್ತೇ ಅದಕ್ಕೆ ನಾಮಕರಣವೂ ಆಯಿತು. ಗುಂಡವ್ವ! ನಾನು ನನ್ನ ಸಂಬಳದಲ್ಲಿ ತರಿಸಿ, ಆ್ಯಪಿಗೆ ಜೋಡಿಸಿ, ಮನೆಯ ನಕ್ಷೆ ಕಲಿಸಿದ ಯಂತ್ರ ಕಣ್ಣೆದುರೇ ನನ್ನ ಓರಗಿತ್ತಿಯಾಗಿಬಿಟ್ಟಿತು. ನಾನು ದಣಿದು ಬಂದು ಕಾಲು ನೀಡಿದರೆ, "ಎತ್ತು ಕಾಲು, ಗುಂಡವ್ವ ಬಂದ್ಲು!" ನನಗೆ ಚಾ ಬೇಕೇ ಎಂದು ಕೇಳುವ ಮೊದಲು, "ಗುಂಡವ್ವನ್ನ ಚಾರ್ಜಿಗೆ ಹಾಕಿದೇನ?" ಬಿಸಿಲು ಬಿದ್ದರೆ ಅವಳ ಮೇಲೊಂದು ತೆಳ್ಳನೆ ಟವೆಲ್ಲು. ಪಕ್ಕದ ಮನೆಯವರು ಬಂದರೆ ನಾನು ಅಲ್ಲೇ ನಿಂತಿದ್ದರೂ ಪರಿಚಯ ಗುಂಡವ್ವನದು. "ಮೂಲಿ ಮೂಲಿಗೆ ಹೊಕ್ಕು ಹೊಡೀತಾಳ್ರಿ. ಮೊಬೈಲ್ ಹಿಡ್ಕೊಂಡು ಕುಂದ್ರಾಕಿ ಅಲ್ಲ."

ಮೊಬೈಲ್ ಹಿಡಿದುಕೊಂಡು ಕೂರುವವಳು ಯಾರು ಎಂದು ಬೇರೆ ಹೇಳಬೇಕೇ?

"ಮಿಷನ್ ಮ್ಯಾಲೆ ಹೊಟ್ಟೆಕಿಚ್ಚೇನಲೇ ನಿಂಗ?" ಎಂದು ಮಲ್ಲೇಶ್ ನಕ್ಕರು.

"ಥೂ! ನಂದೇನ್ರೀ, ನಾನ್ಯಾಕ ಪಡ್ಲಿ!" ಎಂದೆ. ಪಡುತ್ತಿದ್ದೆ. ಧಾರಾಳವಾಗಿ ಪಡುತ್ತಿದ್ದೆ. ಅದು ಮಂಚದ ಕೆಳಗೆ ಸಿಕ್ಕಿಹಾಕಿಕೊಂಡು ಕೀರಲು ದನಿಯಲ್ಲಿ ಕೂಗಿದರೆ ಬೇಕೆಂದೇ ತಡವಾಗಿ ಎತ್ತುತ್ತಿದ್ದೆ.

ಆದರೂ ಪ್ರತಿಜ್ಞೆ ಪ್ರತಿಜ್ಞೆಯೇ. ಒಂದು ಭಾನುವಾರ ಕ್ಯಾಮೆರಾ ಹಿಡಿದು, ದನಿಯಲ್ಲಿ ಬೆಲ್ಲ ಬೆರೆಸಿ ಕೇಳಿದೆ. "ಅತ್ತಿ, ಇದನ್ನ ನಿಮಗ ತಂದುಕೊಟ್ಟೋರು ಯಾರು? ಹೇಳ್ರಿ."

"ಆ ಹುಡುಗ ಬೈಕಿನ ಮ್ಯಾಲೆ ಡಬ್ಬ ತಂದು ಕೊಟ್ಟು ಹೋದ್ನಲ್ಲ."

"ಅವನಲ್ರಿ... ತರಿಸಿದೋರು?"

ಅತ್ತೆ ಕ್ಯಾಮೆರಾ ನೋಡಿ ಸೆರಗು ಸರಿಮಾಡಿಕೊಂಡರು. "ಯಾರರೆ ತರಿಸಿರ್ಲಿ. ನಮ್ಮ ಗುಂಡವ್ವ ಬಂಗಾರ ನೋಡ್ರಿ, ಬಂಗಾರ!"

ವಿಡಿಯೋ ಅಳಿಸಿಹಾಕಿದೆ.

ಆಯುಧಪೂಜೆ ಬಂತು. ನಮ್ಮ ಕಡೆ ಆಯುಧಪೂಜೆ ಎಂದರೆ ಕೇಳಬೇಡಿ. ಗಣಿಯಲ್ಲಿ ಮನೆಯಷ್ಟು ಎತ್ತರದ ಡಂಪರುಗಳಿಗೂ ಹೂವಿನ ಹಾರ ಬೀಳುತ್ತದೆ. ಅಲ್ಲಿಯ ಪೂಜೆ ಮುಗಿಸಿ ಮಲ್ಲೇಶ್ ಮನೆಗೆ ಬಂದಾಗ ನಡುಮನೆಯಲ್ಲಿ ಅವರ ಸ್ಪ್ಯಾನರುಗಳು, ಮಿಕ್ಸಿ, ಈಳಿಗೆಮಣೆ, ನನ್ನ ಲ್ಯಾಪ್‌ಟಾಪು ಎಲ್ಲ ಸಾಲಾಗಿ ಕುಳಿತಿದ್ದವು. ನಡುವೆ ಮಣೆಯ ಮೇಲೆ, ಸಿಂಹಾಸನಾರೂಢಳಾಗಿ, ಗುಂಡವ್ವ! ಪಕ್ಕದಲ್ಲಿ ಒಂದು ಭಾರಿ ಬೂದುಗುಂಬಳಕಾಯಿ.

"ಇಷ್ಟು ದೊಡ್ಡದು ಯಾಕ್ರಿ ಅತ್ತಿ? ಇರೋದು ಒಂದ್ ಸ್ಕೂಟರ್."

"ಸ್ಕೂಟರಿಗಲ್ಲ, ಗುಂಡವ್ವಗ. ಯಾಕೋ ಮಂಕಾಗ್ಯಾಳ. ಯಾರದೋ ಕಣ್ಣು ಬಿದ್ದೈತಿ."

"ನನ್ಯಾಕ ನೋಡ್ತೀರಿ?"

"ಮತ್ತ ಯಾರನ್ನ ನೋಡ್ಲಿ? ಎದುರಿಗಿರಾಕಿ ನೀನ."

ಪೂಜೆಗೆ ಅತ್ತೆಯ ಅಣ್ಣ ಹಾಲಸ್ವಾಮಿ ಮಾವ ಕಂಪ್ಲಿಯಿಂದ ಬಂದಿದ್ದರು. ಅಕ್ಕಿ ಗಿರಣಿಯ ಯಜಮಾನರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಅಚ್ಚ ಬಿಳಿ ಪಂಚೆಯನ್ನು ಮಡಿಕೆ ಮುರಿಯದಂತೆ ಹರಡಿಕೊಂಡು ಚಾಪೆಯ ಮೇಲೆ ಕುಳಿತಿದ್ದರು. ನಾನು ಮೂಲೆಯಲ್ಲಿ ಸ್ಟ್ಯಾಂಡಿಗೆ ಮೊಬೈಲ್ ಸಿಕ್ಕಿಸಿ 'ಶಾಂಭವಿ ಟೆಕ್'ನಲ್ಲಿ ಲೈವ್ ಶುರು ಮಾಡಿದೆ. ನನ್ನ ಲೆಕ್ಕಾಚಾರ ಸರಳವಾಗಿತ್ತು. ಹಬ್ಬದ ದಿನ, ಅಣ್ಣನ ಎದುರು, ಲೋಕದ ಮುಂದೆ ಕೇಳಿದರೆ ಅತ್ತೆ ಒಂದು ಒಳ್ಳೆಯ ಮಾತು ಆಡದೇ ಇರುತ್ತಾರೆಯೇ? ಐಶ್ವರ್ಯಳೂ ನೋಡುತ್ತಿದ್ದಳು. ಅವಳು ನೋಡಲೇಬೇಕಿತ್ತು!

ಅತ್ತೆ ಮೂರು ಬೆರಳಿಗೆ ಒದ್ದೆ ವಿಭೂತಿ ಬಳಿದುಕೊಂಡರು. ಸ್ಪ್ಯಾನರಿಗಾಯಿತು, ಮಿಕ್ಸಿಗಾಯಿತು. ಗುಂಡವ್ವನ ಸರದಿ ಬಂದಾಗ ಬೆರಳು ನೇರವಾಗಿ ಆ ಗೋಪುರದ ಕಡೆಗೆ ಹೋಯಿತು. 'ಅಲ್ಲಿ ಬ್ಯಾಡ್ರಿ ಅತ್ತಿ, ಅದು ಕಣ್ಣು' ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನಿಜವಾಗಿಯೂ ಬಂದಿತ್ತು! ಅಷ್ಟರಲ್ಲಿ ಅತ್ತೆ ಅದರ ಬೆನ್ನು ಸವರಿ, "ನನ್ನ ಬಂಗಾರ" ಎಂದರು.

ಬಾಯಿ ಮುಚ್ಚಿಕೊಂಡೆ.

ಗೋಪುರದ ಸುತ್ತಲೂ ದಪ್ಪವಾಗಿ ಮೂರು ಪಟ್ಟೆ ವಿಭೂತಿ. ಮುಂದಿನ ಅಂಚಿಗೆ ಕುಂಕುಮ. ಕೊರಳಿಗೆ ಚೆಂಡುಹೂವಿನ ಹಾರ. ಮಲ್ಲೇಶ್ ಸ್ಕೂಟರನ್ನು ನಿಂಬೆಹಣ್ಣಿನ ಮೇಲೆ ಹಾಯಿಸಲು ಹೊರಗೆ ಹೋದರು. ಅತ್ತೆ ಗುಂಡವ್ವನನ್ನು ಮಣೆಯಿಂದ ನೆಲಕ್ಕಿಳಿಸಿ, "ಪೂಜಿ ಆದ ಮ್ಯಾಲೆ ಎಲ್ಲಾ ಗಾಡಿ ಒಂದ್ ಸುತ್ತು ಹೊಡೀತಾವು. ಈಕಿನೂ ಹೊಡದು ಬರ್ಲಿ, ಚಾಲೂ ಮಾಡವ್ವಾ" ಎಂದರು.

ನಾನು ಗುಂಡಿ ಒತ್ತಿದೆ. ಗುಂಡವ್ವ ತನ್ನ ಚೊಕ್ಕ ಇಂಗ್ಲಿಷಿನಲ್ಲಿ, "ಪ್ಲೀಸ್ ಕ್ಲೀನ್ ದ ಸೆನ್ಸರ್" ಎಂದಳು.

"ಏನಂತದ ಶಾಂಭವಿ ಇದು?" ಹಾಲಸ್ವಾಮಿ ಮಾವ ಕೇಳಿದರು.

ಕಣ್ಣು ಒರೆಸಿ ಎನ್ನುತ್ತಿದೆ ಮಾವ, ಎಂದು ಹೇಳಬಹುದಿತ್ತು. ನನ್ನ ನಾಲಿಗೆ ಹೇಳಿದ್ದು ಬೇರೆ. "ಹಿರಿಯರು ಆಶೀರ್ವಾದ ಮಾಡ್ರಿ ಅಂತೈತ್ರಿ ಮಾವ."

ಅತ್ತೆಯ ಕಣ್ಣು ತುಂಬಿ ಬಂತು. "ನೋಡಣ್ಣಾ, ಎಂಥಾ ಸಂಸ್ಕಾರ! ಸುಖವಾಗಿರವ್ವಾ!" ಎಂದು ಅದರ ತಲೆಗೆ ಅಕ್ಷತೆ ಹಾಕಿದರು. ನಾನು ಮತ್ತೊಮ್ಮೆ ಗುಂಡಿ ಒತ್ತಿದೆ.

ಗುಂಡವ್ವ ಹೊರಟಳು. ಗೋಡೆ ಕಾಣದು, ಬಾಗಿಲು ಕಾಣದು, ಬಂಧುಬಳಗ ಕಾಣದು! ಮೊದಲು ಆರತಿ ತಟ್ಟೆಗೆ ಡಿಕ್ಕಿ. ಅರಿಶಿನ ಸುಣ್ಣ ಕಲಸಿದ ಕೆಂಪು ನೀರು ನಡುಮನೆಯ ತುಂಬ ಹರಿಯಿತು. ಅದರಲ್ಲೇ ಗಿರಗಿರ ತಿರುಗಿ ನೆಲಕ್ಕೆಲ್ಲ ಕೆಂಪು ಬಳಿದಳು. ಹಾರದ ದಾರ ಚಕ್ರಕ್ಕೆ ಸುತ್ತಿಕೊಂಡು ಹೂವು ದಿಕ್ಕುದಿಕ್ಕಿಗೆ ಹಾರಿತು. ಕೊನೆಗೆ ಎಲ್ಲಿಗೆ ಹೋಗಬಾರದೋ ಅಲ್ಲಿಗೇ ಹೋದಳು. ಹಾಲಸ್ವಾಮಿ ಮಾವನ ಪಂಚೆಯ ತುದಿ ಅವಳ ಬ್ರಷ್ಷಿಗೆ ಸಿಕ್ಕಿತು.

"ಏ ಬಿಡಲೇ! ಬಿಡಲೇ!" ಎಂದು ಮಾವ ಎದ್ದು ನಿಂತರು. ನಿಂತದ್ದೇ ತಪ್ಪಾಯಿತು. ಗುಂಡವ್ವ ಅವರಿಗೆ ಪ್ರದಕ್ಷಿಣೆ ಶುರು ಮಾಡಿದಳು. ಒಂದೊಂದು ಸುತ್ತಿಗೂ ಪಂಚೆ ಸಡಿಲ! ಮಾವ ಎರಡೂ ಕೈಯಲ್ಲಿ ಸೊಂಟ ಹಿಡಿದುಕೊಂಡು ಕೂಗಿದರು. "ಸುವರ್ಣಾ! ನಿನ್ನ ಗುಂಡವ್ವ ನನ್ನ ಮಾನಕ್ಕ ಕೈ ಹಾಕ್ಯಾಳ!"

ನಾನು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆ. ಆಗ ನೆನಪಾಯಿತು, ಲೈವ್! ಮಾವನ ಪಂಚೆ ನನ್ನ ಚಾನೆಲಿನಲ್ಲಿ ಬಿಚ್ಚುತ್ತಿದೆ! ನಗು ನಿಂತುಹೋಯಿತು. ಮೊಬೈಲಿನತ್ತ ಓಡಿದೆ. ಕೆಂಪು ನೀರಿನ ಮೇಲೆ ಕಾಲಿಟ್ಟೆ. ಜಾರಿದೆ. ಧಪ್! ಗುಂಡವ್ವನ ದೃಷ್ಟಿ ತೆಗೆಯಲು ಹೊರಗೆ ಬೀದಿಯಲ್ಲಿ ಒಡೆಯಬೇಕಿದ್ದ ಕುಂಬಳಕಾಯಿ ನನ್ನ ಭಾರಕ್ಕೆ ನಡುಮನೆಯಲ್ಲೇ ಎರಡು ಹೋಳಾಯಿತು. ನಾನು ಅದರ ಮೇಲೆ ಕುಳಿತಿದ್ದೆ.

ಗದ್ದಲ ಕೇಳಿ ಮಲ್ಲೇಶ್ ಓಡಿ ಬಂದರು. ಡಂಪರು ರಿಪೇರಿ ಮಾಡುವ ಕೈ, ಗುಂಡವ್ವನನ್ನು ಮಗುಚಿ ಹಾಕಿ ಬಾಯಿಂದ ಪಂಚೆ ಬಿಡಿಸಿದರು. ಮಾವ ಅದನ್ನು ಬಾಚಿಕೊಂಡು ಒಳಕೋಣೆ ಸೇರಿ ಚಿಲಕ ಹಾಕಿಕೊಂಡರು. ಮಲ್ಲೇಶ್ ಮೊಬೈಲ್ ಕೈಗೆತ್ತಿಕೊಂಡು ಕಣ್ಣರಳಿಸಿದರು.

"ಲೇ ಶಾಂಭವಿ, ಜಾತ್ರಿ ನೆರದಂಗ ಜನ ನೋಡಾಕತ್ಯಾರ! ಕಾಮೆಂಟ್ ನೋಡು. ನಿಮ್ಮ ಆಫೀಸಿನ ಐಶ್ವರ್ಯ ಬರದಾಳ. 'ಶಾಂಭವಿ ಅಕ್ಕಾ, ಅದು ಆಶೀರ್ವಾದ ಕೇಳಲಿಲ್ಲ, ಕಣ್ಣು ಒರಸ್ರಿ ಅಂತು. ನಿಮಗ ಗೊತ್ತಾಗಲಿಲ್ಲೇನು?'"

ಅತ್ತೆ ನನ್ನ ಕಡೆ ತಿರುಗಿದರು. "ನಿನಗ ಗೊತ್ತಿತ್ತೇನ?"

ಗೊತ್ತಿರಲಿಲ್ಲ ಎಂದರೆ 'ಶಾಂಭವಿ ಟೆಕ್'ನ ಮಾನ ಹೋಗುತ್ತದೆ. ಗೊತ್ತಿತ್ತು ಎಂದರೆ ಸೊಸೆ ಶಾಂಭವಿಯದು. ಕುಂಬಳಕಾಯಿಯ ಮೇಲೆ ಕುಳಿತು ಎರಡನ್ನೂ ತೂಗಿ ನೋಡಿದೆ.

"ಗೊತ್ತಿತ್ರಿ."

"ಮತ್ತ ಯಾಕ ಹೇಳಲಿಲ್ಲ?"

"ನೀವು ಅದಕ್ಕ ಬಂಗಾರ ಅಂದ್ರಿ. ನನಗ ಒಂದ್ ದಿನಾನೂ ಅಂದಿಲ್ಲ." ನಾಟಕವಲ್ಲ, ನಿಜಕ್ಕೂ ಅಳು ಬಂದಿತ್ತು.

ಅತ್ತೆ ಗುಂಡವ್ವನನ್ನು ಎತ್ತಿಕೊಂಡು, ಸೆರಗಿನಿಂದ ಅದರ ಗೋಪುರ ಒರೆಸಿದರು. "ಪಾಪ, ಈಕಿ ಕಣ್ಣಾಗ ವಿಭೂತಿ ಬಿದ್ದಿತ್ತು, ಕಾಣಲಿಲ್ಲ. ನಿನ್ನ ಕಣ್ಣಾಗ ಏನ್ ಬಿದ್ದಿತ್ತವ್ವಾ?"

ಅತ್ತೆ ಗುಂಡವ್ವನನ್ನು ಒಣಗಲೆಂದು ಹಿತ್ತಲ ಕಟ್ಟೆಯ ಮೇಲೆ ಇಟ್ಟು, ನನ್ನ ಮುಂದೆ ಬಕೆಟ್ಟು ಮತ್ತು ಒರೆಸುವ ಬಟ್ಟೆ ತಂದಿಟ್ಟರು. ಮೊಣಕಾಲೂರಿದೆ. ಮಂಚದ ಕೆಳಗೆ ತೂರಿದೆ, ಟಿವಿ ಸ್ಟ್ಯಾಂಡಿನ ಹಿಂದೆ ಹೊಕ್ಕೆ, ಗೋಡೆಗೆ ತಲೆ ತಾಗಿದಾಗ ತಿರುಗಿಕೊಂಡು ಇನ್ನೊಂದು ಗೋಡೆಯತ್ತ ಸರಿದೆ. ಸೀರೆಗೆ ಕುಂಬಳಕಾಯಿ, ಕೈಗೆ ಕೆಂಪು, ತಲೆಯಲ್ಲಿ ಚೆಂಡುಹೂವು.

ಮಲ್ಲೇಶ್ ಹಿಂದಿನಿಂದ ಕೂಗಿದರು. "ಅವ್ವಾ, ಲೈವ್ ಇನ್ನೂ ಚಾಲೂ ಐತಿ! ಶಾಂಭವಿ ಬಗ್ಗೆ ಏನರೆ ಒಂದ್ ಮಾತು ಹೇಳು, ಜನ ಕೇಳಾಕತ್ಯಾರ."

ಸೋಫಾದ ಕೆಳಗೆ ಅರ್ಧ ಹೊಕ್ಕಿದ್ದವಳು ಒರೆಸುವುದನ್ನು ಬಿಟ್ಟು ಕಿವಿಗೊಟ್ಟೆ. ಅತ್ತೆ ಸೋಫಾದ ಮೇಲೆ ಕುಳಿತು, ಕಾಲು ಚಾಚಿ, ಸೆರಗು ಸರಿಮಾಡಿಕೊಂಡು, ಕ್ಯಾಮೆರಾ ನೋಡಿ ಬಾಯಿ ತೆರೆದರು.

"ನಮ್ಮ ಸೊಸಿನೂ ಬಂಗಾರನ್ರಿ. ಮೂಲಿ ಮೂಲಿಗೆ ಹೊಕ್ಕು ಒರಸ್ತಾಳ, ಥೇಟ್ ಗುಂಡವ್ವನಂಗ. ಆದ್ರ ಈಕಿಗೆ ಬರೇ ಚಾರ್ಜ್ ಸಾಲಂಗಿಲ್ರಿ, ಬುಡಕ ಒಂದು ಕುಂಬಳಕಾಯಿ ಇಡಬೇಕು!"