ಅಚ್ಚುಮೆಚ್ಚಿನ ಹಿಂದಿನಚ್ಚು

ಕೊರೋನಾ ಕಾಲದಲ್ಲಿ ಲೋಕದ ಗಂಡಂದಿರೆಲ್ಲ ಏನಾದರೊಂದು ಕಲಿತರು. ಕೆಲವರು ಬ್ರೆಡ್ ಬೇಯಿಸಿದರು, ಕೆಲವರು ಗಡ್ಡ ಬೆಳೆಸಿದರು. ನನ್ನ ತಂಗಿಯ ಗಂಡ ಕೊಳಲು ಕಲಿಯಲು ಹೊರಟು, ಬೆಂಗಳೂರಿನ ಒಂದಿಡೀ ಅಪಾರ್ಟ್‌ಮೆಂಟಿನ ಜನ ತಾವಾಗಿಯೇ ಕಿಟಕಿ ಬಾಗಿಲು ಮುಚ್ಚಿಕೊಳ್ಳುವಂತೆ ಮಾಡಿದ. ನನ್ನ ಪತಿ ಹಮೀದ್ ಸಾಹೇಬರು ಮಾತ್ರ ಒಂದು ಹಳೇ ಕಾರಿನ ಹಿಂದಿನ ಅಚ್ಚನ್ನು ಬಿಚ್ಚಿ ತಂದು, ಡಚ್ಚರ ನಾಡಿನ ಹಾರ್ಲೆಮಿನ ನಮ್ಮ ಪುಟ್ಟ ಮನೆಯ ಹಾಲಿನಲ್ಲಿ, ಸೋಫಾ ಸರಿಸಿ, ಅದರ ಜಾಗದಲ್ಲಿ ಮಲಗಿಸಿದರು.

ಅಚ್ಚು ಎಂದರೆ ಆಕ್ಸಲ್. ಎರಡು ಚಕ್ರಗಳ ನಡುವಿನ ಕಬ್ಬಿಣದ ತೊಲೆ. ಅದರ ನಡುವೆ ಒಂದು ಗುಂಡು ಹೊಟ್ಟೆ, ಹೊಟ್ಟೆಯೊಳಗೆಲ್ಲ ಹಲ್ಲು. (ಹೊಟ್ಟೆಯೊಳಗೆ ಹಲ್ಲಿರುವವರನ್ನು ನಾನು ನೆಂಟರಲ್ಲಿ ಬೇಕಾದಷ್ಟು ಕಂಡಿದ್ದೆ; ಕಬ್ಬಿಣದಲ್ಲಿ ಕಂಡದ್ದು ಅದೇ ಮೊದಲು.) ‘ಅಚ್ಚುಮೆಚ್ಚು’ ಎಂಬುದು ಒಂದೇ ಮಾತೆಂದು ಮದುವೆಯಾಗಿ ಇಪ್ಪತ್ತೆರಡು ವರ್ಷ ನಂಬಿದ್ದೆ. ಆ ಜನವರಿಯಲ್ಲಿ ಅದು ಎರಡಾಗಿ ಒಡೆಯಿತು. ಅವರಿಗೆ ಅಚ್ಚೇ ಮೆಚ್ಚು, ಹೆಂಡತಿ ಅಚ್ಚಿಗೆ ಎಣ್ಣೆ ಬಿಡುವವಳು.

ಆದರೂ ನಾನು ಬಾಯಿ ಮುಚ್ಚಿಕೊಂಡಿದ್ದಕ್ಕೆ ಕಾರಣವಿತ್ತು.

ಹೂಫ್‌ಡಾರ್ಪಿನ ಆಫೀಸಿನಲ್ಲಿ ವಿಮಾನಗಳ ವೇಳಾಪಟ್ಟಿಯ ಸಾಫ್ಟ್‌ವೇರ್ ನೋಡಿಕೊಳ್ಳುವುದು ಹಮೀದರ ಕೆಲಸ. ವಿಮಾನಗಳೇ ನೆಲ ಹಿಡಿದ ಮೇಲೆ ವೇಳಾಪಟ್ಟಿಗೆ ಏನು ವೇಳೆ? ಹದಿನೆಂಟು ಜನರ ತಂಡದಲ್ಲಿ ಐವರು ಉಳಿದರು. ಹಮೀದ್ ಉಳಿದರು, ಅವರ ನಗು ಉಳಿಯಲಿಲ್ಲ. ಹತ್ತು ತಿಂಗಳು ಕ್ಯಾಮೆರಾ ಆಫ್ ಮಾಡಿ ಲ್ಯಾಪ್‌ಟಾಪ್ ಮುಂದೆ ಕೂತರು. ಊಟಕ್ಕೆ ಬಂದಾಗಲೂ ಮುಖದ ಕ್ಯಾಮೆರಾ ಆಫ್ ಆಗಿಯೇ ಇರುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಮೂರನೇ ಮನೆಯ ಮೆವ್ರೌ (ಡಚ್ಚಿನಲ್ಲಿ ಶ್ರೀಮತಿ) ಡೆಕ್ಕರ್ ಬಂದು ನಮ್ಮ ಕಿಟಕಿಯ ಗಾಜಿಗೆ ಒಂದು ಕಾಗದ ಒತ್ತಿ ಹಿಡಿದರು. ಎಂಬತ್ತೆರಡರ ಹೆಂಗಸು. ಹಿಂದಿನ ಮಾರ್ಚಿನಿಂದ ಈ ಬೀದಿ ದಾಟಿರಲಿಲ್ಲ. ಮನೆಗೆ ದಿನಕ್ಕೊಬ್ಬ ಅತಿಥಿ ಬರಬಹುದು ಎಂದು ಸರ್ಕಾರ ಹೇಳಿದ್ದರೂ, ಆ ಒಬ್ಬ ಅತಿಥಿಯಾಗಲೂ ಒಪ್ಪದೆ ಹೊರಗೇ ನಿಂತು ಮಾತಾಡುತ್ತಿದ್ದರು. ಕಾಗದದಲ್ಲಿ ಲಸಿಕೆಯ ಕರೆಯಿತ್ತು. ಮಾರ್ಚ್ ಒಂಬತ್ತು, ಮಂಗಳವಾರ, ಹನ್ನೊಂದು ಇಪ್ಪತ್ತಕ್ಕೆ, ಮೂರು ಕಿಲೋಮೀಟರ್ ಆಚೆಯ ಕ್ರೀಡಾ ಸಭಾಂಗಣದಲ್ಲಿ.

“ಒಳ್ಳೇದಾಯ್ತಲ್ಲ ಮೆವ್ರೌ!” ಎಂದೆ.

“ನಾನು ಹೋಗಲ್ಲ. ಟ್ಯಾಕ್ಸಿ ತುಂಬ ಯಾರ್ಯಾರ ಉಸಿರೋ. ಬಸ್ಸಂತೂ ಬರೀ ಉಸಿರೇ. ಸೈಕಲ್ಲಿಗೆ ಮಂಡಿ ಬಗ್ಗಲ್ಲ.”

“ಮತ್ತೆ ಹೇಗೆ?”

“ಗೆರಿಟ್‌ನ ಕಾರಾದ್ರೆ ಬರ್ತೀನಿ. ಅದರೊಳಗಿರೋದು ಅವನೊಬ್ಬನದೇ ಉಸಿರು.”

ಗೆರಿಟ್ ಅವರ ಗಂಡ. ತೀರಿಕೊಂಡು ಒಂಬತ್ತು ವರ್ಷ. ಆತನ ಐವತ್ತೊಂಬತ್ತನೇ ಇಸವಿಯ ಇಂಗ್ಲಿಷ್ ಕಾರು ಬೀದಿಯ ಕೊನೆಯ ಶೆಡ್ಡಿನಲ್ಲಿತ್ತು. ಹಿಂದಿನ ಆಕ್ಸಲ್ ತೋಳದಂತೆ ಊಳಿಡಲು ಶುರು ಮಾಡಿದ ದಿನ ನಿಲ್ಲಿಸಿದ್ದಂತೆ.

“ನಾನು ಮಾಡಿ ಕೊಡ್ತೀನಿ,” ಎಂದು ಹಿಂದಿನಿಂದ ಒಂದು ದನಿ ಬಂತು. ತಿರುಗಿ ನೋಡಿದೆ. ಹಮೀದರ ಮುಖದ ಕ್ಯಾಮೆರಾ ಆನ್ ಆಗಿತ್ತು.

ಆ ಮುಖಕ್ಕಾಗಿ ನಾನು ಸೋಫಾ ಬಿಟ್ಟುಕೊಟ್ಟೆ.

ಹಮೀದರ ಧೈರ್ಯದ ಹೆಸರು ಮರಿಯಪ್ಪ ಮೇಸ್ತ್ರಿ. ನನ್ನ ಮಾವ ಕೋಲಾರದಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ ಕಾಲದಿಂದ ಅವರ ಅಂಬಾಸಡರಿನ ವೈದ್ಯ. ಈಗ ಎಪ್ಪತ್ತು ದಾಟಿ ಮನೆಯಲ್ಲಿದ್ದರು. ದಿನವೂ ವಿಡಿಯೋ ಕಾಲ್. ಹಮೀದರ ಎರಡು ಕೈಗೂ ಗ್ರೀಸು, ಹಾಗಾಗಿ ಫೋನ್ ಹಿಡಿಯುವುದು, ಮೇಸ್ತ್ರಿ ಹೇಳಿದ್ದನ್ನು ಬರೆದುಕೊಳ್ಳುವುದು ನನ್ನ ಪಾಲು. ಕೆ.ಜಿ.ಎಫ್.ನ ಕಾನ್ವೆಂಟಿನಲ್ಲಿ ಓದಿದವಳು ನಾನು. ಸಿಸ್ಟರುಗಳು ನಮಗೆ ತಾಳ್ಮೆಯನ್ನೂ ಅಂದದ ಕೈಬರಹವನ್ನೂ ಕಲಿಸಿದ್ದರು. ಕೈಬರಹ ಹತ್ತಿತು.

“ಹಮೀದೂ, ಇದು ನಮ್ ಅಂಬಾಸಡರ್‌ಗೆ ದೊಡ್ಡಪ್ಪ ಆಗ್ಬೇಕು ಕಣೋ!” ಎಂದು ಮೊದಲ ದಿನವೇ ಮೇಸ್ತ್ರಿ ಕುಣಿದಾಡಿದರು. “ಬೇರಿಂಗ್ ಹೋಗೈತೆ, ಸೀಲ್ ಹೋಗೈತೆ. ಎಲ್ಲಾ ಹೊಸದು ಹಾಕು.”

“ಬೇರಿಂಗ್ ಇಂಗ್ಲೆಂಡಿಂದ ಬರ್ಬೇಕು ಮೇಸ್ತ್ರಿ.”

ಇಂಗ್ಲೆಂಡು ಆಗಷ್ಟೇ ಯುರೋಪಿನಿಂದ ತನ್ನ ಅಚ್ಚನ್ನು ಬಿಚ್ಚಿಕೊಂಡು ಹೋಗಿತ್ತು. ಪೊಟ್ಟಣ ಕಸ್ಟಮ್ಸಿನಲ್ಲಿ ಆರು ವಾರ ಕೂತಿತು. (ಅಷ್ಟೂ ದಿನ ಈ ಮನೆಯಲ್ಲಿ ಭಾರ ಹೊರುವ ಬೇರಿಂಗ್ ಎಂದರೆ ನಾನೊಬ್ಬಳೇ.) ಪೊಟ್ಟಣ ಬಂದಾಗ ಲಸಿಕೆಗೆ ಎಂಟು ದಿನ ಬಾಕಿ. ಮೆವ್ರೌ ಪ್ರತಿದಿನ ಕಿಟಕಿಗೆ ಬಂದು ಆಕ್ಸಲನ್ನು ದಿಟ್ಟಿಸಿ, “ಆಗದಿದ್ದರೆ ಹೇಳಿಬಿಡಿ, ಆ ಕಾಗದ ಹರಿದುಹಾಕ್ತೀನಿ,” ಎನ್ನುತ್ತಿದ್ದರು. ಡಚ್ಚರ ಬಾಯಿ ಹಾಗೆ, ಸುತ್ತಿ ಬಳಸುವುದಿಲ್ಲ.

ಕ್ರೌನ್ ಎಂಬ ದೊಡ್ಡ ಹಲ್ಲಿನ ಚಕ್ರ, ಪಿನಿಯನ್ ಎಂಬ ಚಿಕ್ಕ ಹಲ್ಲಿನ ಚಕ್ರ, ಇವೆರಡೂ ಸರಿಯಾಗಿ ಕಚ್ಚಬೇಕು. ಹಲ್ಲಿಗೆ ಬಣ್ಣ ಹಚ್ಚಿ, ತಿರುಗಿಸಿ, ಗುರುತು ಎಲ್ಲಿ ಬೀಳುತ್ತದೆ ನೋಡಿ ಎಂದರು ಮೇಸ್ತ್ರಿ. ಬಣ್ಣದ ಅಂಗಡಿಗಳೆಲ್ಲ ಲಾಕ್‌ಡೌನಿನಲ್ಲಿ ಮುಚ್ಚಿದ್ದವು. ಈದ್‌ಗೆಂದು ಇಟ್ಟಿದ್ದ ಮೆಹೆಂದಿ ಕೋನ್ ತಂದು ನಾನೇ ಒಂದೊಂದು ಹಲ್ಲಿಗೂ ಹಚ್ಚಿದೆ.

“ಮದ್ಲಿಂಗಿತ್ತಿ ಹಂಗೆ ಕಾಣ್ತೈತಲ್ಲಮ್ಮಾ!” ಎಂದರು ಮೇಸ್ತ್ರಿ. ಹಮೀದ್ ನಕ್ಕರು. ಒಂದು ವರ್ಷದ ಮೇಲೆ, ಸದ್ದು ಮಾಡಿ ನಕ್ಕರು. ನನ್ನ ಮದುವೆಯ ಮೆಹೆಂದಿಗೂ ಈ ಮನುಷ್ಯ ಅಷ್ಟು ಬೆಳಗಿರಲಿಲ್ಲ.

“ಸರಿಯಾಗಿ ಬರ್ಕಳ್ಳಿ ತಾಯಿ. ಕ್ರೌನು ಎರಡು ಕಡೀಗೂ ಕೂರ್ತೈತೆ, ಮೋಸ ಹೋಗ್ಬೇಡಿ. ಅದು ಡ್ರೈವರ್ ಸೈಡಿಗೇ ಬರ್ಬೇಕು.”

ಡ್ರೈವರ್ ಸೈಡ್! ಎಂಥ ಗ್ಯಾರೇಜು ಭಾಷೆ. ಹೀಗೆ ಬರೆದರೆ ಸಿಸ್ಟರುಗಳು ಏನೆಂದಾರು? ನಾನು ಮನಸ್ಸಿನಲ್ಲೇ ಶೆಡ್ಡಿನ ಕಾರನ್ನು ನೆನೆದೆ. ಸ್ಟೇರಿಂಗ್ ಎಡಗಡೆ. ‘ಕ್ರೌನ್: ಎಡಬದಿ’ ಎಂದು ದುಂಡಗೆ ಬರೆದು, ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದೆ.

“ಎಡಕ್ಕಾ?” ಎಂದರು ಹಮೀದ್, ಜೋಡಿಸುವ ದಿನ. “ಬಿಚ್ಚುವಾಗ ಆ ಕಡೆ ಇತ್ತು ಅನ್ಸುತ್ತೆ. ಚಾಕ್‌ಪೀಸಲ್ಲಿ ಗುರುತು ಹಾಕಿದ್ದೆ, ಎಲ್ಲಿ ಹೋಯ್ತು?”

(ತೊಳೆದಿದ್ದೆ. ಹಾಲಿನಲ್ಲಿರುವ ವಸ್ತು ಚೊಕ್ಕಟವಾಗಿರಬೇಡವೇ?)

“ಒಂದ್ಸಲ ಮೇಸ್ತ್ರೀನ ಕೇಳೋಣ್ವಾ?”

“ಯಾಕ್ರೀ, ನನ್ನ ನೋಟ್ಸ್ ಮೇಲೆ ನಂಬಿಕೆ ಇಲ್ವಾ? ಕೆಂಪು ಗೆರೆ ಕಾಣಿಸ್ತಿಲ್ವಾ? ಪಾಪ, ಮಲಗಿರೋ ಮುದುಕರನ್ನ ಎಬ್ಬಿಸ್ಬೇಕಾ?”

“ಆಯ್ತು ಮಾರಾಯ್ತಿ, ಎಡಕ್ಕೇ,” ಎಂದರು ಹಮೀದ್.

ಸೋಮವಾರ ಸಂಜೆ ನಾವಿಬ್ಬರೂ ಉಸಿರು ಬಿಗಿಹಿಡಿದು ಅಚ್ಚನ್ನು ಕಾರಿನ ಕೆಳಗೆ ಏರಿಸಿದೆವು. ಬೋಲ್ಟು ಬಿಗಿಯುವಷ್ಟರಲ್ಲಿ ಕರ್ಫ್ಯೂ ಹೊತ್ತಾಯಿತು. ಓಡಿಸಿ ನೋಡಲು ಸಮಯವಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಹತ್ತೂವರೆ. ಮೆವ್ರೌ ಡೆಕ್ಕರ್ ನೀಲಿ ಕೋಟು ತೊಟ್ಟು, ಮುತ್ತಿನ ಸರ ಹಾಕಿ, ಮಾಸ್ಕಿನ ಮೇಲಿಂದಲೇ ಲಿಪ್‌ಸ್ಟಿಕ್ ಹಚ್ಚಿದ್ದಾರೇನೋ ಎಂಬಂಥ ಗತ್ತಿನಲ್ಲಿ ಹಿಂದಿನ ಸೀಟಿನಲ್ಲಿ ಕೂತರು. ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಂಡರು. ಅದರಲ್ಲಿ ಗೆರಿಟ್ ಎಷ್ಟಿದ್ದ, ಮೆಹೆಂದಿ ಎಷ್ಟಿತ್ತು, ನನಗೆ ಗೊತ್ತಿಲ್ಲ. ನಾನು ಮುಂದೆ ಹಮೀದರ ಪಕ್ಕ ಹತ್ತಿ ಕೂತೆ.

ಹಮೀದ್ ಬಿಸ್ಮಿಲ್ಲಾ ಹೇಳಿ ಮೊದಲ ಗೇರ್ ಹಾಕಿದರು. ಊಳಿಲ್ಲ, ಸದ್ದಿಲ್ಲ. ಬೆಣ್ಣೆಯಲ್ಲಿ ಕೂದಲು ಜಾರಿದಂತೆ ಕಾರು ಜಾರಿತು, ಹಿಂದಕ್ಕೆ. ಜಾರಿ, ಬೀದಿಯ ಮೂಲೆಯ ಬೇಲಿಗಿಡದೊಳಗೆ ಮೆತ್ತಗೆ ಕೂತಿತು.

ಎರಡನೇ ಗೇರ್ ಹಾಕಿದರು. ಬೇಲಿಯೊಳಗೆ ಇನ್ನೂ ಒಂದಡಿ.

ಸೈಕಲ್ ಹಿಡಿದು ನಿಂತಿದ್ದ ಮಗಳು ಲೈಬಾ, “ಅಮ್ಮೀ, ಐ ಡೋಂಟ್ ನೋ ಯು ಪೀಪಲ್,” ಎಂದು ಹತ್ತು ಮಾರು ದೂರ ಸರಿದಳು.

ನಾನು ಮೇಸ್ತ್ರಿಗೆ ಕಾಲ್ ಹಚ್ಚಿದೆ. ಎಲ್ಲ ಕೇಳಿದ ಮೇಲೆ ಅವರದು ಒಂದೇ ಪ್ರಶ್ನೆ.

“ಕ್ರೌನು ಯಾವ ಕಡೀಕೆ ಹಾಕಿದ್ರಿ?”

“ಡ್ರೈವರ್ ಸೈಡಿಗೇ ಮೇಸ್ತ್ರಿ. ಎಡಕ್ಕೆ.”

“ಅಯ್ಯೋ ತಾಯಿ! ಎಡಕ್ಕೆ ಯಾವ ಡ್ರೈವರ್ ಕೂರ್ತಾನೆ? ಐವತ್ತು ವರ್ಷದಿಂದ ನೋಡಿವ್ನಿ, ಎಲ್ಲಾ ಬಲಕ್ಕೇ ಕೂರ್ತಾರೆ!”

ಕೋಲಾರದಲ್ಲಿ ಬಲಕ್ಕೆ ಕೂರುತ್ತಾರೆ. ಹಾರ್ಲೆಮಿನಲ್ಲಿ ಎಡಕ್ಕೆ. ಅಚ್ಚಿಗೆ ಮಾತ್ರ ಡ್ರೈವರ್ ಎಲ್ಲಿ ಕೂತರೂ ಒಂದೇ: ಕ್ರೌನು ಬಲಕ್ಕಿರಬೇಕು, ಎಡಕ್ಕಿಟ್ಟರೆ ಚಕ್ರಗಳು ಉಲ್ಟಾ ತಿರುಗುತ್ತವೆ.

ಹಮೀದ್ ನನ್ನತ್ತ ನೋಡಿದರು. ಬೈದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

ಹಿಂದಿನ ಸೀಟಿನಲ್ಲಿ ಮೆವ್ರೌ ಬಾಗಿಲಿನ ಹಿಡಿಗೆ ಕೈ ಹಾಕಿದ್ದರು. “ಬೂರ್‌ಮಾನ್,” (ಪಕ್ಕದ ಮನೆಯವನೇ ಎಂದರ್ಥ) “ಕಾರು ಕೆಟ್ಟಿದೆಯಾ? ನಿಜ ಹೇಳು. ಕೆಟ್ಟಿದ್ರೆ ನಾನು ಒಳಗೆ ಹೋಗ್ತೀನಿ. ಇನ್ನೊಂದು ಸಲ ಬರೋ ಧೈರ್ಯ ನನಗಿಲ್ಲ.”

ಗಂಟೆ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು.

“ಕೆಟ್ಟಿಲ್ಲ ಮೆವ್ರೌ,” ಎಂದೆ ನಾನು. “ತಪ್ಪು ನನ್ನದು. ನಾನು ಉಲ್ಟಾ ಬರ್ಕೊಂಡೆ. ಈಗ ಈ ಕಾರಿಗೆ ಹಿಂದಕ್ಕೆ ಹೋಗೋಕೆ ನಾಲ್ಕು ಗೇರಿದೆ, ಮುಂದಕ್ಕೆ ಒಂದೇ ಒಂದು.”

ಇಪ್ಪತ್ತೆರಡು ವರ್ಷದಲ್ಲಿ ‘ತಪ್ಪು ನನ್ನದು’ ಎಂದು ನಾನು ಹೇಳಿದ್ದು ಅದೇ ಮೊದಲು, ಅದೂ ಡಚ್ಚಿನಲ್ಲಿ. ಇದನ್ನೇ ಕನ್ನಡದಲ್ಲೊಮ್ಮೆ ಹೇಳಬಾರದೇ ಎಂಬಂತೆ ಹಮೀದ್ ಆಸೆಗಣ್ಣಿನಿಂದ ನೋಡಿದರು.

ಮೆವ್ರೌ ಯೋಚಿಸಿದರು. “ಮುಂದಕ್ಕೆ ಹೋಗೋಕೆ ಎಷ್ಟು ಗೇರ್ ಬೇಕು?”

“ಒಂದು ಸಾಕು,” ಎಂದರು ಹಮೀದ್.

“ಒಂದು ಇದೆಯಲ್ಲ? ಹೊರಡು.”

ಹೀಗೆ ನಾವು ರಿವರ್ಸ್ ಗೇರಿನಲ್ಲಿ ಮುಂದಕ್ಕೆ ಹೊರಟೆವು. ಗಂಟೆಗೆ ಎಂಟು ಕಿಲೋಮೀಟರ್. ಇಂಜಿನ್ನು ಮದುವೆ ಮನೆಯ ವಾಲಗದಂತೆ ಒಂದೇ ಸಮನೆ ಅರಚುತ್ತಿತ್ತು. ಸೈಕಲ್ಲುಗಳು ದಾಟಿದವು. ತಳ್ಳುಗಾಡಿಯಲ್ಲಿ ಮಗು ಕೂರಿಸಿಕೊಂಡು ಓಡುತ್ತಿದ್ದ ತಾಯಿ ದಾಟಿದಳು. ಮಗು ಟಾಟಾ ಮಾಡಿತು. ಮೆವ್ರೌ ಗಾಜಿಳಿಸಿ ಎಲ್ಲವನ್ನೂ ನೋಡುತ್ತಿದ್ದರು. ಸೇತುವೆ, ನೀರು, ಮುಚ್ಚಿದ ಹೂವಿನಂಗಡಿ.

“ಗೆರಿಟ್ ಹುಚ್ಚನ ಹಾಗೆ ಓಡಿಸ್ತಿದ್ದ,” ಎಂದರು ಒಮ್ಮೆ. “ಈ ಕಾರಲ್ಲಿ ನಾನು ಯಾವಾಗಲೂ ಕಣ್ಣು ಮುಚ್ಚಿಕೊಂಡೇ ಕೂರ್ತಿದ್ದೆ. ಈ ರಸ್ತೆ ಇಷ್ಟು ಚೆನ್ನಾಗಿದೆ ಅಂತ ಇವತ್ತೇ ಗೊತ್ತಾಗಿದ್ದು.”

ಹನ್ನೊಂದು ಹದಿನೇಳಕ್ಕೆ ತಲುಪಿದೆವು. ನಲವತ್ತು ನಿಮಿಷದ ಮೇಲೆ ತೋಳಿಗೆ ಪುಟ್ಟ ಪಟ್ಟಿ ಅಂಟಿಸಿಕೊಂಡು ಮೆವ್ರೌ ಹೊರಬಂದಾಗ, ಹಮೀದ್ ತಮ್ಮದೇ ತೋಳಿಗೆ ಚುಚ್ಚಿಸಿಕೊಂಡವರ ಹಾಗೆ ಕಣ್ಣೊರೆಸಿಕೊಂಡರು. (ಗ್ರೀಸಿನ ಕೈ. ಮುಖವೆಲ್ಲ ಕಪ್ಪಾಯಿತು.)

ಎರಡನೇ ಡೋಸು ಐದು ವಾರಕ್ಕೆ. ಅಷ್ಟರಲ್ಲಿ ಅಚ್ಚು ಮತ್ತೆ ಹಾಲಿಗೆ ಬಂತು. ನಾನು ಹೊಸ ನೋಟ್‌ಬುಕ್ಕು, ಕೆಂಪು ಪೆನ್ನು ಹಿಡಿದು ಸಿದ್ಧಳಾಗಿ ಕೂತೆ. ಬಾಗಿಲ ಕರೆಗಂಟೆ ಸದ್ದು ಮಾಡಿತು. ಮೆವ್ರೌ ಡೆಕ್ಕರ್, ಮಾಸ್ಕು ತೊಟ್ಟು, ವರ್ಷದಲ್ಲಿ ಮೊದಲ ಬಾರಿಗೆ ದಿನದ ಒಬ್ಬ ಅತಿಥಿಯಾಗಿ ನಿಂತಿದ್ದರು.

“ಫೋನ್ ನಾನು ಹಿಡಿಯುತ್ತೇನೆ,” ಎಂದರು. “ನೀನು ಕಾಫಿ ಮಾಡು.”

ಮೆವ್ರೌಗೆ ಕನ್ನಡ ಬರುವುದಿಲ್ಲ, ಮೇಸ್ತ್ರಿಗೆ ಡಚ್ ಬರುವುದಿಲ್ಲ. ಆಕೆ ಒಂದು ಬೋಲ್ಟಿನ ಮೇಲೆ ಬೆರಳಿಡುವುದು, ಅವರು ತಲೆಯಾಡಿಸುವುದು. ಆಕೆ ಕ್ರೌನನ್ನು ಆ ಕಡೆ ತೋರಿಸಿದರೆ ಅವರು ಹುಬ್ಬು ಗಂಟಿಕ್ಕುವುದು, ಈ ಕಡೆ ತೋರಿಸಿದರೆ ನಗುವುದು. ಎಡವಿಲ್ಲ, ಬಲವಿಲ್ಲ, ಅಡಿಗೆರೆಯಿಲ್ಲ. ನಾಲ್ಕು ಭಾಷೆ ಬಲ್ಲ ನಾನು ಅಡುಗೆಮನೆಯ ಬಾಗಿಲಲ್ಲಿ ಟ್ರೇ ಹಿಡಿದು ನಿಂತು ನೋಡಿದೆ. ನಾನು ಎಂಟು ದಿನದಲ್ಲಿ ಉಲ್ಟಾ ಮಾಡಿಸಿದ್ದನ್ನು ಅವರಿಬ್ಬರೂ ನಾಲ್ಕು ದಿನದಲ್ಲಿ, ಒಂದು ಮಾತಿಲ್ಲದೆ, ನೆಟ್ಟಗೆ ಮಾಡಿಸಿದರು.

ಕೊನೆಯ ದಿನ ಹಮೀದ್ ಅಚ್ಚಿನ ಹೊಟ್ಟೆಯ ಮುಚ್ಚಳ ಬಿಗಿದು ಸೊಂಟ ನೆಟ್ಟಗೆ ಮಾಡಿಕೊಂಡಾಗ ಫೋನಿನಿಂದ ಮೇಸ್ತ್ರಿಯ ದನಿ ಕೇಳಿತು.

“ಹಮೀದೂ, ಚಿನ್ನದಂಥ ಅಜ್ಜಿ ಕಣೋ! ಕನ್ನಡ ಬರ್ದೇ ಇರೋರು ನಿಮ್ಮನೇಲಿ ಇನ್ನೊಬ್ರು ಯಾರಾದ್ರೂ ಇದ್ರೆ ಹೇಳು, ಗೇರ್‌ಬಾಕ್ಸೂ ಬಿಚ್ಚಿಬಿಡೋಣ.”

ಹಮೀದ್ ತಿರುಗಿ ಅಡುಗೆಮನೆಯತ್ತ ನೋಡಿದರು. ನಾನು ಲೋಟಗಳನ್ನು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಅಪ್ಪಟ ಡಚ್ಚಿನಲ್ಲಿ ಕೇಳಿದೆ:

“ಏನಂದಿರಿ? ನನಗೆ ಅರ್ಥವಾಗಲಿಲ್ಲ.”